ಮೂವತ್ತನೇ ತಾರೀಖಿನವರೆಗೂ ಸಹಿ

ಆ ಮಂಗಳವಾರ ಬೆಳಿಗ್ಗೆ ಗಾಳಿ ಎದ್ದಿತ್ತು. ಮೋಡವಿಲ್ಲ, ಮಳೆಯಿಲ್ಲ, ಬಿಸಿಲೂ ಹದವಾಗಿತ್ತು. ಗಾಳಿ ಮಾತ್ರ ಒಣಹಾಕಿದ ಬಟ್ಟೆಗಳನ್ನೆಲ್ಲ ಮಾತಾಡಿಸುತ್ತ ಬೀದಿಯುದ್ದಕ್ಕೂ ಓಡಾಡುತ್ತಿತ್ತು. ಔಷಧಿ ಅಂಗಡಿಯ ಮೇಲೆ ಎರಡು ಕೋಣೆಯ ಒಂದು ಕಚೇರಿ. ಅಲ್ಲಿ ಕಿಟಕಿ ತೆಗೆದದ್ದೇ ತಡ, ಮೇಜಿನ ಮೇಲಿದ್ದ ಕಾಗದಗಳೆಲ್ಲ ಎದ್ದು ಮೆಟ್ಟಿಲಿಳಿದು ಹೊರಟೇಬಿಟ್ಟವು.

"ಹಿಡೀರಿ ಭಾವ, ಹಿಡೀರಿ! ಇನ್ಸುಲಿನ್ ಅಜ್ಜಿ ಬೀದಿಗೆ ಹೋದ್ರು!" ಎಂದು ದೊಡ್ಡಕ್ಕ ಕೂಗಿದಳು.

"ಅಜ್ಜಿ ಸಿಕ್ಕಿದ್ರು. ಬೆನ್ನುನೋವಿನ ಮೇಷ್ಟ್ರು ಚರಂಡಿ ಹತ್ರ ಇದ್ದಾರೆ, ತಡಿಯಮ್ಮ," ಎನ್ನುತ್ತ, ಕಚೇರಿಯ ಫೈಲುಗಳನ್ನು ನೋಡಿಕೊಳ್ಳುತ್ತಿದ್ದ ಅವಳ ಗಂಡನ ಅಣ್ಣ ಪಂಚೆ ಎತ್ತಿಕಟ್ಟಿ ಓಡಿದರು.

ದೊಡ್ಡಕ್ಕ ನಡೆಸುತ್ತಿದ್ದದ್ದು ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಸಂಸ್ಥೆ. ಹನ್ನೊಂದು ಜನ ನರ್ಸುಗಳು, ನಲವತ್ತು ಮನೆಗಳು. ಆಸ್ಪತ್ರೆಯಿಂದ ಬಂದು ಇನ್ನೂ ಹಾಸಿಗೆ ಬಿಟ್ಟು ಏಳಲಾರದವರಿಗೆ ಗಾಯ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಮಗ್ಗುಲು ಬದಲಿಸುವುದು ಅವರ ಕೆಲಸ. ಇದು ದೇವರು ತನ್ನ ಕೈಗೆ ಕೊಟ್ಟ ಕೆಲಸವೆಂದೇ ಅವಳು ನಂಬಿದ್ದಳು. ದೇವರು ಕೊಟ್ಟ ಕೆಲಸಕ್ಕೂ ಸರಕಾರದ ಪರವಾನಗಿ ಬೇಕಲ್ಲ! ಪ್ರತಿ ರೋಗಿಯ ಹಾಳೆಯಲ್ಲಿ ಭೇಟಿಗೊಂದು ಸಾಲು ಬರೆಯಬೇಕು: ಎಷ್ಟು ಹೊತ್ತಿಗೆ ಹೋದೆವು, ಏನು ಕಂಡೆವು, ಏನು ಮಾಡಿದೆವು. ಪಕ್ಕದಲ್ಲಿ ರೋಗಿಯದೋ ಮನೆಯವರದೋ ಸಹಿ ಇರಬೇಕು. ಡಾಕ್ಟರ ಆದೇಶ ಜೊತೆಗಿರಬೇಕು. ನರ್ಸುಗಳ ನೋಂದಣಿ ವಾಯಿದೆ ಮುಗಿಯುವ ಮುಂಚೆ ಹೊಸದಾಗಬೇಕು.

ಹೋದ ವರ್ಷ ತಪಾಸಣೆಗೆ ಬಂದ ಅಧಿಕಾರಿಗಳಿಗೆ ಆರು ಹಾಳೆ ಸಿಕ್ಕಿರಲಿಲ್ಲ. ಎಚ್ಚರಿಕೆ ಕೊಟ್ಟು ಹೋಗಿದ್ದರು. ಈ ತಿಂಗಳ ಮೂವತ್ತೊಂದಕ್ಕೆ ಮತ್ತೆ ಬರುವವರಿದ್ದರು. ಈ ಸಲವೂ ತಪ್ಪಿದರೆ ಪರವಾನಗಿ ನಿಲ್ಲುತ್ತದೆ. ನಲವತ್ತು ಮನೆಗಳವರು ಬಾಗಿಲ ಕಡೆ ನೋಡುತ್ತ ಕೂರಬೇಕಾಗುತ್ತದೆ.

ಕಾಗದ ಎದೆಗವಚಿಕೊಂಡು ದೊಡ್ಡಕ್ಕ ಮೆಟ್ಟಿಲ ಮೇಲೇ ಕೂತಳು. "ಭಾವ, ನನ್ ಕೈಲಾಗಲ್ಲ. ರೋಗಿ ಮುಂದೆ ಇದ್ದಾಗ ಕಾಗದದ ಚಿಂತೆ, ಕಾಗದದ ಮುಂದೆ ಕೂತಾಗ ರೋಗಿ ಚಿಂತೆ. ಈ ನಿಯಮದ ಕೆಲಸ ನೋಡ್ಕೊಳ್ಳೋಕೆ ಅಂತಾನೇ ಹೊರಗಿನ ಸಂಸ್ಥೆಗಳು ಇವೆಯಂತೆ. ಎಲ್ಲಾ ಅವರಿಗೆ ವಹಿಸಿ ಕೈ ತೊಳ್ಕೊಂಡುಬಿಡೋಣ."

"ದಿನಕ್ಕೆ ಇಪ್ಪತ್ತು ಸಲ ಸೋಪ್ ಹಾಕಿ ತೊಳೀತೀಯಲ್ಲ, ಸಾಲ್ದಾ?" ಎಂದರು ಭಾವ. "ನಮ್ಮ ಕಪಾಟಿನ ಬೀಗದಕೈ ದಾರೀಲಿ ಹೋಗೋರಿಗೆ ಕೊಡೋದಾ? ಯಾರ ಮನೆ ಅಜ್ಜಂಗೆ ಏನು ಕಾಯಿಲೆ ಅಂತ ಊರೆಲ್ಲ ಓದ್ಬೇಕಾ? ಸ್ಕೂಲ್ ಆಫೀಸಲ್ಲಿ ಮೂವತ್ತೆರಡು ವರ್ಷ ಫೈಲ್ ನೋಡಿದೋನು ನಾನು. ನನ್ ಕೈಲಿ ಒಂದು ಹಾಳೆ ಆಚೀಚೆ ಆಗಿಲ್ಲ."

"ಈಗ ಬೀದೀಲಿ ಹಾರ್ತಿದ್ದಿದ್ದು?"

"ಅದು ಗಾಳಿ ತಪ್ಪು!"

"ಆಯ್ತು, ಕರೆಸಿ ಕೇಳೋಣ. ಕೇಳಿದ್ರೆ ನಮ್ಮ ಗಂಟೇನು ಹೋಗಲ್ಲ."

ಗುರುವಾರ, ಹನ್ನೆರಡನೇ ತಾರೀಖು, ಅಂಥದೊಂದು ಸಂಸ್ಥೆಯಿಂದ ಒಬ್ಬ ಹೆಂಗಸು ಬಂದರು. ಹಿಂದೆ ತಾವೂ ಮನೆಮನೆಗೆ ಹೋಗುತ್ತಿದ್ದ ನರ್ಸು. ತಮ್ಮ ಸಂಸ್ಥೆಯನ್ನು ಅವರು ಹೊಗಳಲಿಲ್ಲ, ಬರೀ ಪ್ರಶ್ನೆ ಕೇಳಿದರು.

"ವಾರಕ್ಕೆ ಎಷ್ಟು ಗಂಟೆ ಕಾಗದಕ್ಕೆ ಹೋಗತ್ತೆ?"

"ಹದಿನೈದಾದ್ರೂ ಹೋಗತ್ತೆ," ಎಂದಳು ದೊಡ್ಡಕ್ಕ.

"ನಿಯಮ ಬದಲಾದ್ರೆ ನಿಮಗೆ ಯಾರು ಹೇಳ್ತಾರೆ?"

"ಯಾರಾದ್ರೂ ದಂಡ ಕಟ್ಟಿ ಬಂದ ಮೇಲೆ ಗೊತ್ತಾಗತ್ತೆ."

"ಯಜಮಾನ್ರಿಗೆ ಜ್ವರ ಬಂದ್ರೆ ಈ ಕೆಲಸ ಯಾರು ನೋಡ್ತಾರೆ?"

"ನನಗೆ ಜ್ವರ ಬರಲ್ಲ," ಎಂದು ಭಾವ ಗೋಡೆ ಕಡೆ ತಿರುಗಿ ಕೂತರು. ಬಂದವರಿಗೆ ಆಗಲೇ 'ಪ್ರಶ್ನೆ ಮೇಡಂ' ಎಂದು ಮನಸ್ಸಿನಲ್ಲೇ ಹೆಸರಿಟ್ಟಾಗಿತ್ತು.

ಮೇಡಂ ನಕ್ಕರು. "ಮೂರೇ ಜನ ನರ್ಸುಗಳಿರೋ ಒಂದು ಸಂಸ್ಥೆಗೆ ಹೋಗಿದ್ದೆ. ಅವರ ಕಾಗದ ಅಚ್ಚುಕಟ್ಟಾಗಿತ್ತು. ನಿಮಗೆ ನಾವು ಬೇಡ, ಖರ್ಚು ದಂಡ ಅಂತ ಹೇಳಿ ಬಂದೆ. ನಿಮಗೂ ಬೇಕೋ ಬೇಡ್ವೋ ನೋಡೋಣ. ಒಂದು ಹತ್ತು ಫೈಲ್ ಕೊಡಿ. ಆಚೆ ಒಯ್ಯಲ್ಲ, ಫೋಟೋ ತೆಗೆಯಲ್ಲ. ಗುಟ್ಟು ಕಾಪಾಡ್ತೀನಿ ಅಂತ ಮೊದ್ಲು ಬರೆದುಕೊಡ್ತೀನಿ."

ಬರೆದುಕೊಟ್ಟ ಮೇಲೆ ಭಾವ ಈ ಕಡೆ ತಿರುಗಿದರು. ಹುಡುಕಿ ಹುಡುಕಿ ಒಂದು ಫೈಲನ್ನು ಎಲ್ಲಕ್ಕಿಂತ ಮೇಲಿಟ್ಟರು. "ಗಡಿಯಾರ ರಿಪೇರಿ ತಾತಂದು. ಕಾಲಿನ ಗಾಯಕ್ಕೆ ದಿನಾ ಡ್ರೆಸ್ಸಿಂಗ್, ಒಂದನೇ ತಾರೀಖಿಂದ ಮೂವತ್ತು ದಿನ ಅಂತ ಡಾಕ್ಟರು ಬರೆದಿದ್ದಾರೆ. ಒಂದು ಸಹಿ ಬಿಟ್ಟೋಗಿದ್ರೆ ನನ್ನ ಕೇಳಿ!"

ಮೇಡಂ ಹಾಳೆ ತಿರುವಿದರು. ಮತ್ತೊಮ್ಮೆ ತಿರುವಿದರು. "ಯಜಮಾನ್ರೇ, ಇವತ್ತು ಎಷ್ಟನೇ ತಾರೀಖು?"

"ಹನ್ನೆರಡು."

"ತಾತ ಮೂವತ್ತನೇ ತಾರೀಖಿನವರೆಗೂ ಸಹಿ ಹಾಕಿದ್ದಾರಲ್ಲ!"

ಭಾವ ಫೈಲನ್ನು ತಮ್ಮ ಕಡೆ ಎಳೆದುಕೊಂಡರು. ತಾತನ ಮನೆಗೆ ಹೋಗುವವಳು ಎಲ್ಲರೂ ಸೈಕಲ್ ನರ್ಸು ಎಂದೇ ಕರೆಯುವ ಹುಡುಗಿ. ಹೊಸ ಹತ್ತಿಯ ಕಟ್ಟು ಒಯ್ಯಲು ಅದೇ ಹೊತ್ತಿಗೆ ಬಂದಳು. ಕೇಳಿದ್ದಕ್ಕೆ ತಲೆ ತಗ್ಗಿಸಿದಳು.

"ಒಂದನೇ ತಾರೀಖೇ ಎಲ್ಲಾ ಹಾಕಿಬಿಟ್ರಕ್ಕ. ಕೈ ನಡುಗತ್ತೆ, ದಿನಾ ಪೆನ್ನು ಹಿಡಿಯೋಕಾಗಲ್ಲ, ನೀನೇನು ತಪ್ಪಿಸೋಳಲ್ಲ ಅಂದ್ರು. ಅಷ್ಟು ನಂಬಿ ಹಾಕ್ದಾಗ ಬೇಡ ಅನ್ನೋಕೆ ಬಾಯಿ ಬರಲಿಲ್ಲ."

ಮೇಡಂ ಹಾಜರಿ ಪುಸ್ತಕ ತೆರೆದು ಬೆರಳಿಟ್ಟರು. "ಒಂಬತ್ತನೇ ತಾರೀಖು ನಿಮಗೆ ರಜೆ ಅಂತಿದೆ."

"ಹೌದು, ಜ್ವರ ಬಂದಿತ್ತು. ಬೆಳಗ್ಗೇನೇ ಫೋನ್ ಮಾಡಿ ಯಜಮಾನ್ರಿಗೆ ಹೇಳಿದ್ನಲ್ಲ, ಬೇರೆಯೋರನ್ನ ಕಳಿಸಿ ಅಂತ."

ಎಲ್ಲರ ಕಣ್ಣೂ ಭಾವನ ಕಡೆ ತಿರುಗಿತು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ಹೇಳಿದ್ಲು," ಎಂದರು ಕೊನೆಗೆ. "ರಜೆ ಅಂತ ಬರ್ಕೊಂಡೆ. ಹೋದ ವರ್ಷದ ಆರು ಹಾಳೆ ಹುಡುಕ್ತಾ ಇದ್ದೆ. ಯಾರನ್ನಾದ್ರೂ ಕಳಿಸ್ಬೇಕು ಅನ್ನೋದು ಮರ್ತೇಹೋಯ್ತು. ಸಾಯಂಕಾಲ ಫೈಲ್ ನೋಡಿದೆ, ಸಹಿ ಇತ್ತು. ಎಲ್ಲಾ ಸರಿ ಇದೆ ಅಂದ್ಕೊಂಡೆ."

ಅಂದು ತಾತನ ಮನೆಗೆ ಯಾರೂ ಹೋಗಿರಲಿಲ್ಲ. ಹಾಳೆ ಮಾತ್ರ ಹೋಗಿದ್ದೇವೆ ಎನ್ನುತ್ತಿತ್ತು.

ದೊಡ್ಡಕ್ಕ ಅಲ್ಲೇ ನಿಂತು ತಾತನ ಸೊಸೆಗೆ ಫೋನ್ ಮಾಡಿದಳು. "ಅಯ್ಯೋ, ನೀವು ಬರಲಿಲ್ಲ ಅಂತ ನಾನೇ ತೊಳೆದು ಕಟ್ಟಿದೆ, ನಿಮ್ಮ ನರ್ಸೇ ಕಲಿಸಿದ್ರಲ್ಲ," ಎಂದಳು ಸೊಸೆ. "ಗಾಯ ಒಣಗ್ತಾ ಇದೆ." ದೊಡ್ಡಕ್ಕ ಕಣ್ಣು ಮುಚ್ಚಿ ಮೇಲಿನವನಿಗೊಂದು ಕೈ ಮುಗಿದಳು.

ಕಣ್ಣು ತೆರೆದಾಗ ಮೂವತ್ತೊಂದನೇ ತಾರೀಖು ನೆನಪಾಯಿತು. ಮೇಡಂ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು: "ಹೇಗೂ ಸಹಿ ಇದೆ. ಒಂಬತ್ತಕ್ಕೂ ಹೋಗಿದ್ವಿ ಅಂತ ಒಂದು ಸಾಲು ಸೇರಿಸಿಬಿಟ್ರೆ? ಇದನ್ನೆಲ್ಲ ಸರಿ ಮಾಡ್ಕೊಡ್ಲಿ ಅಂತಾನೇ ಅಲ್ವಾ ನಿಮ್ಮನ್ನ ಕರೆಸಿದ್ದು?"

"ಅದು ಸರಿ ಮಾಡೋದಲ್ಲಕ್ಕ, ಮುಚ್ಚಿಡೋದು," ಎಂದರು ಮೇಡಂ. "ಎಲ್ಲಿ ಹರಿದಿದೆ ಅಂತ ನಾನು ತೋರಿಸ್ತೀನಿ. ಹೊಲಿಗೆ ನಿಮ್ಮದೇ. ಪರವಾನಗಿ ನಿಮ್ಮ ಹೆಸರಲ್ಲಿದೆ, ಅಧಿಕಾರಿಗಳು ಕೇಳೋದೂ ನಿಮ್ಮನ್ನೇ. ನೋಡದೇ ಇದ್ದ ಗಾಯದ ಬಗ್ಗೆ ಬರೆದುಕೊಡೋ ಸಂಸ್ಥೆ ಯಾವುದಾದ್ರೂ ಬಂದ್ರೆ ಮೆಟ್ಟಿಲಿಂದಲೇ ವಾಪಸ್ ಕಳಿಸಿ."

"ಹಾಗಾದ್ರೆ ಈಗೇನು ಮಾಡೋದು?"

"ಒಂಬತ್ತರ ಎದುರಿಗೆ ಭೇಟಿ ಆಗಿಲ್ಲ ಅಂತ ಬರೀರಿ. ಯಾಕೆ ಆಗ್ಲಿಲ್ಲ ಅಂತಾನೂ ಬರೀರಿ. ಮುಂದಿನ ತಾರೀಖಿನ ಸಹಿಗಳಿಗೆ ಅಡ್ಡಗೆರೆ ಎಳೆದು ಇವತ್ತಿನ ದಿನ ಹಾಕಿ. ಹಾಳೆ ಹರೀಬೇಡಿ. ಡಾಕ್ಟರಿಗೆ ಈಗ್ಲೇ ತಿಳಿಸಿ. ತಾತಂಗೆ ಕೈ ನಡುಗಿದ್ರೆ ಸೊಸೆ ಸಹಿ ಹಾಕ್ಲಿ, ಆದ್ರೆ ಕೆಲಸ ಮುಗಿದ ಮೇಲೆ."

ಡಾಕ್ಟರು ಫೋನಿನಲ್ಲಿ ಗೊಣಗಿದರು. ಒಂದು ಭೇಟಿ ಕಡಿಮೆಯಾಗಿದೆ, ತಿಂಗಳು ಮುಗಿದ ಮೇಲೆ ಇನ್ನೊಂದು ಸೇರಿಸಿ ಕಾಲು ನೋಡಿ ಬನ್ನಿ ಎಂದರು.

ದೊಡ್ಡಕ್ಕ ಫೋನ್ ಇಟ್ಟಳು. ಆಮೇಲೆ ಭಾವನೇ ಕೆಮ್ಮಿದರು. "ಸಹಿ ಇದ್ಯಾ ಅಂತ ನಾನು ನೋಡ್ದೆ. ಯಾವಾಗಿನ ಸಹಿ ಅಂತ ನೋಡ್ಲಿಲ್ಲ. ನಮ್ಮ ಮನೆ ಮೂಲೆ ಕಸ ನಮ್ಮ ಕಣ್ಣಿಗೆ ಬೀಳಲ್ಲ ನೋಡು. ಹೊರಗಿನ ಕಣ್ಣು ಒಂದು ಬೇಕಮ್ಮ."

"ನಾನು ಎಲ್ಲಾ ಕೊಟ್ಟು ಆರಾಮಾಗಿರೋಣ ಅಂತಿದ್ದೆ ಭಾವ," ಎಂದಳು ದೊಡ್ಡಕ್ಕ. "ಕೊಡಬಾರದ್ದೂ ಇದೆ ಅಂತ ಈಗ ಗೊತ್ತಾಯ್ತು."

ಆ ಮಧ್ಯಾಹ್ನ ದೊಡ್ಡಕ್ಕ, ಭಾವ, ಮೇಡಂ ಮೂವರೂ ಕೂತು ಕೆಲಸ ಹಂಚಿಕೊಂಡರು. ಯಾರ ನೋಂದಣಿ ಯಾವಾಗ ಮುಗಿಯುತ್ತದೆ, ನಿಯಮ ಎಲ್ಲಿ ಬದಲಾಗಿದೆ ಎಂದು ಮುಂಚೆಯೇ ಎಚ್ಚರಿಸುವುದು, ತಿಂಗಳಿಗೊಮ್ಮೆ ಬಂದು ಫೈಲ್ ನೋಡುವುದು, ನರ್ಸುಗಳಿಗೆ ಹಾಳೆ ಬರೆಯುವುದನ್ನು ಕಲಿಸುವುದು ಹೊರಗಿನವರ ಪಾಲು. ರೋಗಿಯನ್ನು ನೋಡುವುದು, ನೋಡಿದ್ದನ್ನು ಬರೆಯುವುದು, ಕೇಳಿದರೆ ಉತ್ತರ ಕೊಡುವುದು ದೊಡ್ಡಕ್ಕನ ಕಡೆಯವರ ಪಾಲು. ಭಾವ ಎರಡು ಮಾತು ಸೇರಿಸಿದರು: ಮೊದಲು ಮೂರು ತಿಂಗಳು ಮಾತ್ರ, ಮತ್ತು ಸಂಬಂಧ ಮುರಿದ ದಿನ ನಮ್ಮ ಕಾಗದವೆಲ್ಲ ನಮ್ಮ ಕಪಾಟಿಗೆ ಬರಬೇಕು. ಮೇಡಂ ಎರಡನ್ನೂ ಬರೆದುಕೊಟ್ಟರು. ಆದರೂ ಭಾವ ಬಿಡಲಿಲ್ಲ. ಅವರ ಸಹಾಯ ಪಡೆಯುತ್ತಿದ್ದ ಇನ್ನೆರಡು ಸಂಸ್ಥೆಗಳಿಗೆ ಹೋಗಿ ವಿಚಾರಿಸಿಕೊಂಡು ಬಂದ ಮೇಲೆಯೇ ಒಪ್ಪಂದಕ್ಕೆ ಸಹಿಯಾದದ್ದು.

"ನಿಮಗೆ ಕೆಲಸ ಕಮ್ಮಿ ಆಯ್ತಲ್ಲ ಯಜಮಾನ್ರೇ, ಬೇಜಾರಾ?" ಎಂದು ಸೈಕಲ್ ನರ್ಸು ಕೆಣಕಿದಳು.

"ಇನ್ಮೇಲೆ ಯಾರ ರಜೆಗೆ ಯಾರು ಹೋಗ್ಬೇಕು ಅನ್ನೋದೊಂದೇ ನನ್ ಕೆಲಸ. ನೀನು ಜ್ವರ ಬರ್ಸ್ಕೊಂಡು ನೋಡು, ಅರ್ಧ ಗಂಟೇಲಿ ಬೇರೆಯೋಳು ಆ ಮನೇಲಿರ್ತಾಳೆ!"

ಮೂವತ್ತೊಂದನೇ ತಾರೀಖು ಅಧಿಕಾರಿಗಳು ಬಂದರು. ತಾತನ ಹಾಳೆಯ ಮೇಲೆಯೇ ಅವರ ಬೆರಳು ನಿಂತಿತು. ದೊಡ್ಡಕ್ಕ ಯಾರ ಮುಖವನ್ನೂ ನೋಡದೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅಧಿಕಾರಿ ಓದಿದರು, ಡಾಕ್ಟರ ಟಿಪ್ಪಣಿ ನೋಡಿದರು, ಹಾಜರಿ ಪುಸ್ತಕ ನೋಡಿದರು. "ತಪ್ಪು ನೀವೇ ಹಿಡಿದಿದ್ದೀರಿ, ನೀವೇ ಬರೆದಿದ್ದೀರಿ," ಎಂದು ಪರವಾನಗಿ ಮುಂದುವರಿಸಿದರು. ಭಾವ ಒಳಕೋಣೆಗೆ ಹೋಗಿ ಒಂದು ಲೋಟ ನೀರು ಗಟಗಟನೆ ಕುಡಿದರು.

ಮನೆಮನೆಗೆ ಹೋಗಿ ಆರೈಕೆ ಮಾಡುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮೇಜಿನ ಮೇಲೂ ಕಾಗದ ಬೆಳೆದು ರೋಗಿಯ ಮುಖ ಮರೆಯಾಗುತ್ತಿದ್ದರೆ ಹೊರಗಿನವರ ನೆರವು ಕೇಳಲು ನಾಚಬೇಡಿ. ನೆರವು ಬೇಕೇ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಚಿಕ್ಕ ಸಂಸಾರ ಅಚ್ಚುಕಟ್ಟಾಗಿದ್ದರೆ ಬೇಕಾಗದೆಯೂ ಇರಬಹುದು. ಬೇಕಾದರೆ ವಿಚಾರಿಸಿ, ಕರಾರು ಓದಿ, ಸ್ವಲ್ಪ ದಿನ ನೋಡಿ. ಹೊಣೆಯನ್ನು ಮಾತ್ರ ಯಾರ ಕೈಗೂ ಕೊಡಬೇಡಿ. ಅದನ್ನು ನಂಬಿ ಬಾಗಿಲು ತೆರೆಯುವವರು ನಿಮ್ಮ ರೋಗಿಗಳು.

ತಪಾಸಣೆಯ ಮರುದಿನ ಬೆಳಿಗ್ಗೆ ದೊಡ್ಡಕ್ಕ ತಾನೇ ಗಡಿಯಾರ ತಾತನ ಮನೆಗೆ ಹೋದಳು.

"ತಿಂಗಳು ಮುಗೀತಲ್ಲಮ್ಮ, ಮತ್ತೆ ಯಾಕೆ ಬಂದೆ?" ಎಂದರು ತಾತ.

"ಒಂಬತ್ತನೇ ತಾರೀಖಿಂದು ನಿಮಗೆ ಕೊಡೋದು ಬಾಕಿ ಇತ್ತು ತಾತ," ಎಂದಳು ದೊಡ್ಡಕ್ಕ. ಕೈ ತೊಳೆದು ಬಂದು ಸ್ಟೂಲು ಎಳೆದು ಕೂತಳು. ತಾತನ ಕಾಲನ್ನು ಮೆಲ್ಲಗೆ ತನ್ನ ಮಡಿಲಿಗೆತ್ತಿಕೊಂಡಳು.