ತಪಕೀರ ಕೋಣೆ

“ಎ ಬೋಸುಡಿ, ಕೆಮ್ಮೂದಿದ್ರ ನಿಮ್ಮಪ್ಪನ ಮನ್ಯಾಗ ಕೆಮ್ಮ. ನಿನ್ನ ಉಗುಳ ಬಿದ್ದ ಮಾಲ ನಿಮ್ಮವ್ವ ತಗೋತಾಳೇನ?”

ಕೆಲಸ ಮಾಡಿಸುವ ಮುಕಾದಮ ರಾಜಾರಾಮ ಬೈದದ್ದು ಹಾಜಿರಾಬಿಗೆ. ಅವಳಿಗೆ ಹದಿಮೂರು. ನಿಪ್ಪಾಣಿಯ ಆ ತಂಬಾಕಿನ ವಖಾರಿಯಲ್ಲಿ ಜರಡಿ ಹಿಡಿದು ಎರಡು ವರ್ಷವಾಗಿತ್ತು. ಈಗ ಜರಡಿ ಬಿಟ್ಟು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೆಮ್ಮನ್ನು ನುಂಗಲು ನೋಡುತ್ತಿದ್ದಳು. ನುಂಗಿದ ಕೆಮ್ಮು ಮತ್ತೆ ಗಂಟಲಿಗೇ ಬರುತ್ತಿತ್ತು.

ಪಕ್ಕದ ಜರಡಿಯವಳು ಸುಂದರಾ. ವಯಸ್ಸಿನಲ್ಲಿ ಒಂದು ವರ್ಷ ದೊಡ್ಡವಳಾದರೂ ಬಾಯಲ್ಲಿ ಹತ್ತು ವರ್ಷ ದೊಡ್ಡವಳು.

“ಒಂದ ಖಿಡಕಿ ತಗೀರಿ, ಮುಕಾದಮ. ಅಕಿಗೆ ಉಸರ ಹತ್ತೈತಿ.”

“ಖಿಡಕಿ ತಗದ್ರ ಮಾಲ ಹಾರತೈತಿ. ಹಾರಿದ್ದನ್ನ ನೀ ಹಿಡಕೊಂಡ ಬರ್ತಿಯೇನ?”

ಸುಂದರಾಳ ಅವ್ವ ಕಸ್ತೂರೆವ್ವ ಎದುರು ಸಾಲಿನಿಂದಲೇ ಮಗಳತ್ತ ಕಣ್ಣು ಕೆಕ್ಕರಿಸಿದಳು. ಸುಂದರಾ ಹಲ್ಲು ಕಚ್ಚಿಕೊಂಡು ಜರಡಿ ಆಡಿಸಿದಳು.

ಮುಕಾದಮ ಹೇಳಿದ್ದೇನೂ ಸುಳ್ಳಲ್ಲ. ಎಲೆ ಬೀಡಿಗೆ ಹೋದರೆ ಧೂಳು ತಪಕೀರಕ್ಕೆ, ಅಂದರೆ ನಶ್ಯಕ್ಕೆ, ಹೋಗುತ್ತದೆ. ಮೂಗಿಗೆ ಏರಿಸುವವರು ಇರುವತನಕ ಧೂಳೇ ಬಂಗಾರ. ಅದಕ್ಕೇ ಕಿಟಕಿಗಳಿಗೆಲ್ಲ ಗೋಣಿಚೀಲ ಬಡಿದಿದ್ದರು. ಸಂಜೆ ಹೆಂಗಸರು ಗೇಟಿನ ಹತ್ತಿರ ಹಾಸಿದ ತಾಡಪತ್ರಿಯ ಮೇಲೆ ನಿಂತು ಸೆರಗು ಝಾಡಿಸಬೇಕು, ಜಡೆ ಬಿಚ್ಚಿ ಝಾಡಿಸಬೇಕು. ಉದುರಿದ್ದನ್ನು ಗುಡಿಸಿ ಒಳಗೆ ಒಯ್ಯುತ್ತಿದ್ದರು. ಎದೆಯೊಳಗೆ ಹೋದದ್ದನ್ನು ಮಾತ್ರ ಮಾಲೀಕ ಬಾಬಾಸಾಹೇಬರು ವಾಪಸು ಕೇಳುತ್ತಿರಲಿಲ್ಲ. ಅಷ್ಟು ಉದಾರಿಗಳು. ಮೇಲಾಗಿ ಝಾಡಿಸಿದ ಅಂಗೈಗೆ ಒಂದು ಚೂರು ಬೆಲ್ಲ ಇಡಿಸುತ್ತಿದ್ದರು. ಬೆಲ್ಲ ತಿಂದರೆ ಧೂಳು ಇಳಿಯುತ್ತದಂತೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಮಧ್ಯಾಹ್ನದ ಹೊತ್ತಿಗೆ ರಾಜಾರಾಮ ಓಡುತ್ತ ಬಂದ. ಬೆಳಗಾವಿಯಿಂದ ಕಾರ್ಖಾನೆ ನೋಡುವ ಸಾಹೇಬ ಬರುತ್ತಿದ್ದಾನೆ. ಸಾಹೇಬ ಬರುವ ಸುದ್ದಿ ಸಾಹೇಬನ ಹೆಂಡತಿಗಿಂತ ಮೊದಲು ವಖಾರಿಗೆ ಬರುತ್ತಿತ್ತು. ಈ ಸಲ ಮಾತ್ರ ತಡವಾಗಿತ್ತು.

“ಸಣ್ಣಾಕಿಗೋಳೆಲ್ಲ ಏಳ್ರಿ. ಹಿಂದಿನ ಕೋಣ್ಯಾಗ ನಡೀರಿ. ಲಗೂನ.”

ಹಿಂದಿನ ಕೋಣೆಯೆಂದರೆ ಬೀಸಿದ ತಪಕೀರವನ್ನು ಗುಡ್ಡೆ ಹಾಕುವ ಕತ್ತಲೆ ಕೋಣೆ. ಹುಡುಗಿಯರನ್ನು ಅಲ್ಲಿ ಕೂಡಿಹಾಕುವುದು ಹೊಸದಲ್ಲ. ಚಿಲಕ ಹಾಕುವ ಕೆಲಸವನ್ನು ರಾಜಾರಾಮ ಪಾಳಿಯ ಮೇಲೆ ತಾಯಂದಿರಿಗೇ ಹಚ್ಚುತ್ತಿದ್ದ. ಹೆತ್ತವಳೇ ಚಿಲಕ ಹಾಕಿದರೆ ಹುಡುಗಿಯರು ಕೂಗುವುದಿಲ್ಲವೆಂಬುದು ಆ ಭಾಡ್ಯಾನಿಗೆ ಚೆನ್ನಾಗಿ ಗೊತ್ತಿತ್ತು. ಈ ಸಲದ ಪಾಳಿ ಕಸ್ತೂರೆವ್ವನದು.

“ಯವ್ವಾ, ಹಾಜಿರಾನ ಮನಿಗೆ ಕಳಸ ಬೇ. ಒಳಗ ಹೋದ್ರ ಅಕಿ ಉಳಿಯಾಂಗಿಲ್ಲ,” ಎಂದಳು ಸುಂದರಾ.

“ಜೀಪ ಗೇಟಿಗೆ ಬಂದೈತಿ. ಯಾ ದಾರಿಲೆ ಕಳಸಲಿ? ಒಂದ ತಾಸ ಬಾಯಿ ಮುಚಗೊಂಡ ಕುಂದರ್ರಿ. ನಿಮ್ಮ ಕಾಲ ಬೀಳ್ತೀನಿ.”

ಕಸ್ತೂರೆವ್ವ ಬಾಗಿಲು ಎಳೆದು ಚಿಲಕ ಹಾಕಿದಳು.

ಒಳಗೆ ಹುಡುಗಿಯರು ಬಾಗಿಲ ಸಂದಿಯಿಂದ ಬರುವ ಒಂದಿಷ್ಟು ಬೆಳಕಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ಕುಳಿತರು. ಕಾಲು ಅಲ್ಲಾಡಿಸಿದರೂ ಧೂಳು ಏಳುತ್ತಿತ್ತು. ಹಾಜಿರಾ ಕೆಮ್ಮುತ್ತಿರಲಿಲ್ಲ. ಅದನ್ನು ನೋಡಿಯೇ ಸುಂದರಾಳಿಗೆ ಹೆದರಿಕೆಯಾಯಿತು. ಕೆಮ್ಮಲಿಕ್ಕೂ ಉಸಿರು ಬೇಕು. ಪ್ರತಿ ಸಲ ಗಾಳಿ ಎಳೆದಾಗ ಹುಡುಗಿಯ ಕುತ್ತಿಗೆಯ ಬುಡದಲ್ಲಿ ಕುಳಿ ಬೀಳುತ್ತಿತ್ತು, ಎದೆಯಿಂದ ಸೀಟಿಯ ಸದ್ದು ಬರುತ್ತಿತ್ತು.

ಹಲಗೆ ಬಾಗಿಲಿನಾಚೆ ಮಾತು ಕೇಳಿಸಿತು. ಮೊದಲು ಸಾಹೇಬನ ದನಿ.

“ಚಿಕ್ಕ ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಂಡಿಲ್ಲ ತಾನೇ?”

“ಛೇ ಛೇ, ಸಾಹೇಬ್ರ,” ಬಾಬಾಸಾಹೇಬರು ನಕ್ಕರು. “ಸಣ್ಣಾವ್ರೆಲ್ಲ ಸಾಲಿಗೆ ಹೋಗ್ತಾರ. ಬೇಕಾದ್ರ ಈ ಕಸ್ತೂರೆವ್ವನ್ನ ಕೇಳ್ರಿ.”

“ಏನಮ್ಮ, ಇಲ್ಲಿ ಯಾರಿಗಾದರೂ ಉಸಿರಿನ ತೊಂದರೆ ಇದೆಯೇ?”

ಸುಂದರಾ ಬಾಗಿಲಿಗೆ ಕಿವಿ ಹಚ್ಚಿದಳು. ಅವ್ವ ಈಗ ಹೇಳುತ್ತಾಳೆ, ಹೇಳಿಯೇ ಹೇಳುತ್ತಾಳೆ ಎಂದುಕೊಂಡಳು.

“ಏನಿಲ್ರಿ,” ಎಂದಿತು ಅವ್ವನ ದನಿ. “ಧಣ್ಯಾರ ಬೆಲ್ಲ ಕೊಡ್ತಾರ್ರಿ.”

ಸುಂದರಾಳ ಮೈಗೆ ಬೆಂಕಿ ಬಿತ್ತು. ಮುಕಾದಮನ ಮೇಲೆ, ಮಾಲೀಕನ ಮೇಲೆ ಇದ್ದ ಸಿಟ್ಟು ಏನೂ ಅಲ್ಲ. ಹೆತ್ತ ಅವ್ವನ ಮೇಲೆ ಬಂದ ಸಿಟ್ಟು ಅದನ್ನೆಲ್ಲ ಮೀರಿಸಿತು. ಬಾಗಿಲು ಬಡಿದಳು. ಯಾರೂ ತೆಗೆಯಲಿಲ್ಲ. ಬೂಟುಗಳ ಸದ್ದು ಅಂಗಳದ ಕಡೆ ಹೋಯಿತು. ಅಲ್ಲಿ ಕುರ್ಚಿ ಹಾಕಿದ್ದರು, ಚಹಾ ಬಂದಿತ್ತು.

“ಸುಂದ್ರಾ, ಗಾಳಿ,” ಎಂದಳು ಹಾಜಿರಾ. ಸುಂದರಾ ಓಡಿಬಂದು ಹಿಡಿದ ಅವಳ ಕೈ ಸಡಿಲಾಗಿ ನೆಲಕ್ಕೆ ಬಿತ್ತು. ಉಗುರುಗಳು ನೇರಳೆಯಾಗಿದ್ದವು.

ಸುಂದರಾ ಮೂಲೆಯ ಕಬ್ಬಿಣದ ಸಲಿಕೆ ಎತ್ತಿ ಕಿಟಕಿಗೆ ಹೊಡೆದಳು. ಗೋಣಿ ಹರಿಯಿತು, ಅದರ ಹಿಂದಿನ ಹಲಗೆ ಸೀಳಿತು. ಉಳಿದ ಹುಡುಗಿಯರು ಎದ್ದುಬಂದು ಕೈಯಿಂದಲೇ ಕಿತ್ತರು. ಬೆಳಕು ಒಳಗೆ ಬಿತ್ತು, ಗಾಳಿ ಬಂತು. ಕಿಟಕಿಯಾಚೆ ಸಾಹೇಬ ಕಾಲಮೇಲೆ ಕಾಲು ಹಾಕಿ ಕುಳಿತಿದ್ದ. ಹುಡುಗಿಯರ ಮುಖಗಳನ್ನು ನೋಡಿದ. ನೋಡಿ ಕಣ್ಣು ಬೇರೆ ಕಡೆ ತಿರುಗಿಸಿ ಚಹಾದ ಬಟ್ಟಲು ಬಾಯಿಗಿಟ್ಟ.

ಸುಂದರಾ ಸಲಿಕೆ ತುಂಬ ತಪಕೀರ ಎತ್ತಿ ಅವನ ಮೇಲೆ ಎಸೆದಳು.

“ತಗೋರಿ. ನೀವೂ ಸ್ವಲ್ಪ ಉಸರಾಡ್ರಿ.”

ಇನ್ನೊಂದು ಸಲಿಕೆ ಎಸೆದಳು. ಮತ್ತೊಂದು ಬಾಬಾಸಾಹೇಬರ ಬಿಳಿ ಧೋತರದ ಮೇಲೆ ಬಿತ್ತು. ಸಾಹೇಬ ಕಣ್ಣು ಉಜ್ಜಿಕೊಳ್ಳುತ್ತ, ಸೀನುತ್ತ, ಕೆಮ್ಮುತ್ತ ಜೀಪಿಗೆ ಓಡಿದ.

“ಥೂ, ಇದೇನ್ರೀ, ಮನುಷ್ಯರು ಇರುವ ಜಾಗವೇನ್ರೀ ಇದು?” ಎಂದವನೇ ಗಾಡಿ ಬಿಡಿಸಿಕೊಂಡು ಹೋದ. ಏನನ್ನೂ ಬರೆದುಕೊಳ್ಳಲಿಲ್ಲ, ಯಾರನ್ನೂ ಕೇಳಲಿಲ್ಲ.

ಸಿಟ್ಟು ಬಂದರೆ ಬಾಬಾಸಾಹೇಬರ ಬಾಯಿಗೆ ಮರಾಠಿ ಬರುತ್ತಿತ್ತು. “ರಾಜಾರಾಮ, ಆಧೀ ಖಿಡಕೀ ಬಂದ ಕರ. ಮಾಲ ಚಾಲಲಾಯ.” ಮಾಲು ಹೋಗುತ್ತಿದೆ, ಮೊದಲು ಕಿಟಕಿ ಮುಚ್ಚು.

ಅಷ್ಟರಲ್ಲಿ ಕಸ್ತೂರೆವ್ವ ಚಿಲಕ ತೆಗೆದಿದ್ದಳು. ಸುಂದರಾ ಹಾಜಿರಾಳನ್ನು ಹೆಗಲಿಗೆ ಹಾಕಿಕೊಂಡು ಹೊರಬಂದು ಅಂಗಳದಲ್ಲಿ ಮಲಗಿಸಿದಳು. ಅವ್ವ ಬಗ್ಗಿ ಸೆರಗಿನಿಂದ ಆ ಹುಡುಗಿಯ ಮೂಗು ಒರೆಸಹೋದಳು.

“ಮುಟ್ಟಬ್ಯಾಡ,” ಎಂದಳು ಸುಂದರಾ. “ಚಿಲಕಾ ಹಾಕಿದಾಕಿ ನೀನಾ ಅಲ್ಲೇನ ಬೇ?”

ಕಸ್ತೂರೆವ್ವ ಸೆರಗು ಹಿಂದಕ್ಕೆ ತೆಗೆದುಕೊಂಡಳು. ಸುತ್ತಿಗೆ ಮೊಳೆ ಹಿಡಿದು ಬರುತ್ತಿದ್ದ ರಾಜಾರಾಮನನ್ನು ನೋಡಿದಳು. ಎದ್ದು ವಖಾರಿಯೊಳಗೆ ಹೋಗಿ ಮೊದಲನೆಯ ಕಿಟಕಿಯ ಗೋಣಿಗೆ ಎರಡೂ ಕೈ ಹಾಕಿ ಎಳೆದಳು. ಆಮೇಲೆ ಎರಡನೆಯದಕ್ಕೆ ಹೋದಳು. ಜರಡಿ ಹಿಡಿದು ಕುಳಿತ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಉಳಿದ ಕಿಟಕಿಗಳ ಕಡೆ ನಡೆದರು.

“ಕಸ್ತೂರಿ, ನಾಳಿಂದ ಕೆಲಸಕ್ಕ ಬರಬ್ಯಾಡ, ರಂಡೀ,” ರಾಜಾರಾಮ ಕೂಗಿದ.

“ನಾಳಿ ಮಾತ ನಾಳಿಗೆ. ಇವತ್ತ ಅಕಿ ಉಸರಾಡ್ಲಿ.”

ಹೊರಗೆ ಹಾಜಿರಾ ಬಾಯಿ ತೆರೆದು ಮಲಗಿದ್ದಳು. ಅವಳ ಎದೆಯ ಮೇಲೆ ಅಂಗೈ ಇಟ್ಟು, ಅದು ಮೇಲೇಳುವುದನ್ನೇ ಕಾಯುತ್ತ ಸುಂದರಾ ಕುಳಿತಿದ್ದಳು.