ಕೈ ಕಾಣದ ಫೋನು

ಬೆಳಿಗ್ಗೆ ಎದ್ದು ನೋಡಿದರೆ ಯಾರ ಮೊಬೈಲಿನಲ್ಲೂ ನೆಟ್ ಇರಲಿಲ್ಲ. ಹಾಲಿನ ಅಂಗಡಿ ಮುಂದೆ ನಿಂತವರೆಲ್ಲ ಮೊಬೈಲನ್ನು ಆಕಾಶದ ಕಡೆ ಎತ್ತಿ ಹಿಡಿದಿದ್ದರು. ಒಬ್ಬ ಅದನ್ನು ಅಂಗೈಗೆ ಬಡಿದು ನೋಡಿದ. ಇನ್ನೊಬ್ಬ ಆಫ್ ಮಾಡಿ ಆನ್ ಮಾಡಿ ಸುಸ್ತಾದ. "ಕರೆಂಟು ಹೋದ್ರೆ ಬರುತ್ತೆ, ನೀರು ಹೋದ್ರೂ ಬರುತ್ತೆ. ಇದು ಯಾವಾಗ ಬರುತ್ತಪ್ಪ?" ಅಂದರೆ ಉತ್ತರ ಹೇಳುವವರಿಲ್ಲ. ಸರ್ಕಾರವೇ ನಿಲ್ಲಿಸಿದೆ ಅನ್ನುವುದಷ್ಟೇ ಗೊತ್ತು. ಯಾರು ಹೇಳಿದರು, ಎಷ್ಟು ದಿನಕ್ಕೆ, ಕೇಳಿದರೆ ದೇವರೇ ಬಲ್ಲ.

ಆ ಬೀದಿಯ ಟೈಲರ್ ಒಬ್ಬನಿಗೆ ಮಾತ್ರ ಸಮಾಧಾನ. "ಒಳ್ಳೇದೇ ಆಯ್ತು ಬಿಡ್ರಿ," ಎಂದು ಮಿಷನ್ನಿಗೆ ಎಣ್ಣೆ ಬಿಡುತ್ತ ಹೇಳಿದ. "ಇನ್ನಾದ್ರೂ ಜನ ನೆಮ್ಮದಿಯಾಗಿ ಉಸಿರಾಡ್ತಾರೆ."

ಅವನು ಸುಮ್ಮನೆ ಹೇಳಿದ್ದಲ್ಲ. ಹಿಂದಿನ ವಾರ ಯಾವನೋ ಒಂದು ವಿಡಿಯೊ ಹರಿಯಬಿಟ್ಟಿದ್ದ. ಚಾಕು ಕತ್ತರಿ ಸಾಣೆ ಹಿಡಿಯುವ ಒಬ್ಬ ಬಡಪಾಯಿಯನ್ನು ತೋರಿಸಿ, ಇವನು ಮಕ್ಕಳ ಕಳ್ಳ ಅಂತ. ಹಿಂದೆ ಮುಂದೆ ನೋಡದೆ ಜನ ಅವನಿಗೆ ಬಡಿದರು. ಆ ಮನುಷ್ಯ ಹರಿದ ಅಂಗಿ ಹಿಡಿದುಕೊಂಡು ಬಂದದ್ದು ಇದೇ ಟೈಲರ್ ಅಂಗಡಿಗೆ. ರಕ್ತ ಒಣಗಿ ಬಟ್ಟೆ ಗಟ್ಟಿಯಾಗಿತ್ತು, ಸೂಜಿ ಇಳಿಯಲೊಲ್ಲದು. ಟೈಲರ್ ಅದನ್ನು ಒಗೆದು, ಹೊಲಿದು, ಇಸ್ತ್ರಿ ಮಾಡಿ ಕೊಟ್ಟಿದ್ದ. ಆಮೇಲೆ ಆ ಮಾತು ಈ ಮಾತು ಬೆಳೆದು ಎರಡು ಬೀದಿಗಳ ನಡುವೆ ಕಲ್ಲು ತೂರಾಟ ಆಯಿತು. ಅದಾದ ಮೇಲೆಯೇ ಊರಿಗೂ, ಸುತ್ತಲಿನ ಊರುಗಳಿಗೂ ನೆಟ್ ನಿಂತಿದ್ದು.

ಪರದೆ ಹೊಲಿಸಲು ಬಂದಿದ್ದ ಪಕ್ಕದ ಮನೆ ಅಕ್ಕ ಇದನ್ನೆಲ್ಲ ಕೇಳಿಸಿಕೊಂಡರು. ಅವರು ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ನಿವೃತ್ತಿಯಾಗಿ ಎಷ್ಟು ವರ್ಷವಾದರೂ ಬೀದಿಯವರ ಬಾಯಲ್ಲಿ ಅವರು ಎಕ್ಸ್‌ಚೇಂಜ್ ಅಕ್ಕ.

"ನೀನು ಹೇಳೋದು ನಿಜ ಟೈಲರಪ್ಪ. ಆ ವಿಡಿಯೊ ಬಿಟ್ಟವನನ್ನ ಹಿಡೀಬೇಕು, ಬಡಿದವರನ್ನೂ ಹಿಡೀಬೇಕು. ಆದ್ರೆ ನೆಗಡಿ ಆಯ್ತು ಅಂತ ಮೂಗು ಕೊಯ್ತಾರಾ?"

"ಮೂಗೆಲ್ಲಿ ಕೊಯ್ದ್ರು ಅಕ್ಕ? ಫೋನು ಇದೆಯಲ್ಲ. ಮಾತಾಡೋರು ಮಾತಾಡ್ಲಿ."

"ನೀನು ಮಗಳ ಹತ್ರ ಹೇಗೆ ಮಾತಾಡ್ತೀಯ?"

ಟೈಲರ್ ಎಣ್ಣೆ ಡಬ್ಬಿ ಕೆಳಗಿಟ್ಟ.

ಅವನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಬಾಯಿ ಮಾತೂ ಇಲ್ಲ. ಕೈಯೇ ಅವಳ ಮಾತು. ಆ ಕೈಮಾತು ಹುಟ್ಟಿದ್ದು ಇದೇ ಅಂಗಡಿಯಲ್ಲಿ, ಮಿಷನ್ ಬುಡದಲ್ಲಿ. ಚಿಕ್ಕವಳಿದ್ದಾಗ ಬಟ್ಟೆ ಚೂರುಗಳ ಮೇಲೆ ಕೂತು ಅಪ್ಪನ ಕೈ ನೋಡುತ್ತ, ತನ್ನ ಕೈ ಆಡಿಸುತ್ತ, ಇಬ್ಬರೂ ಸೇರಿ ಕಟ್ಟಿಕೊಂಡ ಭಾಷೆ ಅದು. ತಾಯಿಗೆ ಮುಕ್ಕಾಲು ತಿಳಿಯುತ್ತದೆ, ಮಗಳ ಗಂಡನಿಗೆ ಅರ್ಧ. ಪೂರ್ತಿ ತಿಳಿದವನು ಅಪ್ಪ ಒಬ್ಬನೇ. ಅಕ್ಷರ ಅವಳಿಗೆ ಅಷ್ಟಕ್ಕಷ್ಟೇ. ಹೆಸರು ಬರೆಯುತ್ತಾಳೆ, ಬಸ್ಸಿನ ಬೋರ್ಡು ಓದುತ್ತಾಳೆ. ಈಗ ಅವಳಿರುವುದು ಬಸ್ಸು ಹಿಡಿದು ಹೋಗಬೇಕಾದ ಇನ್ನೊಂದು ಊರಿನಲ್ಲಿ. ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವಳ ಗಂಡನಿಗೂ ಕಿವಿ ಕೇಳಿಸದು. ಈಗವಳು ತುಂಬು ಬಸುರಿ.

ಅವಳು ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋದಾಗಲೆಲ್ಲ ಟೈಲರ್ ಇಲ್ಲಿ ಮಿಷನ್ ನಿಲ್ಲಿಸುತ್ತಿದ್ದ. ಮೊಬೈಲನ್ನು ಇಸ್ತ್ರಿಪೆಟ್ಟಿಗೆಗೆ ಒರಗಿಸಿ ವಿಡಿಯೊ ಹಾಕಿ ಕೂರುತ್ತಿದ್ದ. ಮಗಳು ಕೈಯಲ್ಲಿ ಹೇಳಿದ್ದನ್ನು ಇವನು ಡಾಕ್ಟರಿಗೆ ಬಾಯಲ್ಲಿ ಹೇಳುವುದು, ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಮಗಳಿಗೆ ಕೈಯಲ್ಲಿ ಹೇಳುವುದು. ಕಾಯುವ ಗಿರಾಕಿಗಳು ಬೈಯುತ್ತಿರಲಿಲ್ಲ, ಬಾಯಿ ತೆರೆದು ನೋಡುತ್ತಿದ್ದರು. ಆ ಆಸ್ಪತ್ರೆಯ ನರ್ಸಮ್ಮ ಅವನಿಗೆ ವಿಡಿಯೊ ಅಪ್ಪ ಎಂದೇ ಹೆಸರಿಟ್ಟಿದ್ದಳು.

"ಎರಡು ದಿನ ಮಾತಾಡದೆ ಇದ್ರೆ ಆಕಾಶ ಕಳಚಿ ಬೀಳಲ್ಲ ಅಕ್ಕ," ಎಂದ ಟೈಲರ್. "ಊರಿಗೆ ಒಳ್ಳೇದಾಗೋದಾದ್ರೆ ನಾವೂ ಸ್ವಲ್ಪ ಸಹಿಸ್ಕೋಬೇಕು."

"ಸಹಿಸೋಣ. ಆದ್ರೆ ಯಾಕೆ, ಎಲ್ಲೀವರೆಗೆ ಅಂತಾದ್ರೂ ಹೇಳ್ಬೇಕೋ ಬೇಡ್ವೋ? ಬಾಗಿಲು ಹಾಕಿದವರು ಒಳಗೆ ಯಾರಿದ್ದಾರೆ ಅಂತ ಒಂದ್ಸಲ ನೋಡ್ಬಾರ್ದಾ? ಬಾ, ಹೋಗಿ ಕೇಳೋಣ."

"ಅಯ್ಯೋ ನಮಗ್ಯಾಕಕ್ಕ ದೊಡ್ಡವರ ಸಹವಾಸ?" ಎಂದು ಟೈಲರ್ ಟೇಪು ಕೊರಳಿಗೆ ಹಾಕಿಕೊಂಡ. ಅಕ್ಕ ಪರದೆ ಬಟ್ಟೆ ಕೊಟ್ಟು ಹೋದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಅನ್ನ ಕಲಸಿದಳು, ತಿನ್ನಲಿಲ್ಲ. "ರೀ, ಒಂದ್ಸಲ ಹೋಗಿ ಬರೋಣ್ವಾ? ಯಾಕೋ ಮನಸ್ಸಿಗೆ ಸರಿಯಿಲ್ಲ."

"ನಿನಗೆ ಯಾವಾಗ ಮನಸ್ಸಿಗೆ ಸರಿ ಇತ್ತು ಹೇಳು," ಎಂದು ಅವನು ನಗೆಯಾಡಿದ. ಆದರೂ ಅವಳ ಸಮಾಧಾನಕ್ಕೆ ಮಗಳ ಮನೆಯ ಓನರಮ್ಮನಿಗೆ ಫೋನು ಹಚ್ಚಿದ. ಕರೆ ಸಲೀಸಾಗಿ ಹೋಯಿತು.

"ಚೆನ್ನಾಗಿದ್ದಾಳಲ್ಲ!" ಎಂದಳು ಓನರಮ್ಮ. "ಬೆಳಿಗ್ಗೆ ಇಲ್ಲೇ ಬಂದಿದ್ಲು. ಏನೋ ಕೈ ಆಡಿಸ್ತಾನೇ ಇದ್ಲು. ನನಗೆಲ್ಲಿ ಗೊತ್ತಾಗುತ್ತೆ ಅದೆಲ್ಲ? ಹೂಂ ಹೂಂ ಅಂತ ತಲೆ ಆಡಿಸ್ದೆ. ಆಮೇಲೆ ಆಸ್ಪತ್ರೆಗೂ ಹೋಗಿ ಬಂದ್ಲು. ಹೋದವಳು ಹಂಗೇ ನಡ್ಕೊಂಡು ಬಂದ್ಲಲ್ಲ, ಏನೂ ತೊಂದ್ರೆ ಇಲ್ಲ."

"ಕೇಳಿಸ್ತಾ?" ಎಂದು ಟೈಲರ್ ಹೆಂಡತಿಗೆ ಹೇಳಿದ. "ಆಸ್ಪತ್ರೆಯವರೇ ನೋಡಿ ಕಳಿಸಿದ್ದಾರೆ. ಇನ್ನೇನು ಬೇಕು?" ಶಾಲೆ ಮಕ್ಕಳ ಯೂನಿಫಾರ್ಮ್ ರಾಶಿ ಬಿದ್ದಿತ್ತು. ಅವನು ಕೈ ತೊಳೆದುಕೊಂಡು ಮಿಷನ್ ಮುಂದೆ ಕೂತ. ಆ ಸಂಜೆ ಬಸ್ಸು ಇತ್ತು. ಅವನು ಹತ್ತಲಿಲ್ಲ.

ಮರುದಿನವೂ ನೆಟ್ ಬರಲಿಲ್ಲ. ಹೆಂಡತಿ ಚೀಲ ಹಿಡಿದುಕೊಂಡು ಅಂಗಡಿ ಬಾಗಿಲಲ್ಲಿ ನಿಂತಳು. "ನೀವು ಬರದೇ ಇದ್ರೆ ನಾನೊಬ್ಬಳೇ ಹೋಗ್ತೀನಿ." ಅವಳ ಮುಖ ನೋಡಿ ಟೈಲರ್ ತಮಾಷೆ ಮಾಡಲಿಲ್ಲ. ಕತ್ತರಿಸಿದ ಬಟ್ಟೆಯನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಬಾಗಿಲು ಎಳೆದ.

ದಾರಿಯಲ್ಲಿ ಪೊಲೀಸರು ಅಲ್ಲಲ್ಲಿ ಬಸ್ಸು ನಿಲ್ಲಿಸಿ ಚೀಲ ನೋಡಿದರು. ಮಗಳ ಮನೆಗೆ ಬೀಗ ಹಾಕಿತ್ತು. ಇಬ್ಬರೂ ಆಸ್ಪತ್ರೆಗೆ ಓಡಿದರು. ಮಗಳು ಗೋಡೆ ಬದಿಯ ಬೆಂಚಿನ ಮೇಲೆ ಹೊಟ್ಟೆ ಹಿಡಿದು ಕೂತಿದ್ದಳು. ಅಳಿಯ ಕಂಡ ಕಂಡವರ ತೋಳು ಹಿಡಿದು ಎಳೆಯುತ್ತಿದ್ದ. ಅಪ್ಪನನ್ನು ಕಂಡದ್ದೇ ತಡ, ಅವಳ ಎರಡೂ ಕೈ ಮೇಲೆದ್ದವು.

ಹೊಟ್ಟೆಯಲ್ಲಿ ಮಗು ಮೊದಲಿನ ಹಾಗೆ ಒದೆಯುತ್ತಿಲ್ಲ ಅಪ್ಪ. ನಿನ್ನೆ ಬೆಳಿಗ್ಗೆಯಿಂದ ಕಡಿಮೆ ಆಯಿತು. ಎಲ್ಲರಿಗೂ ಹೇಳಿದೆ. ಯಾರಿಗೂ ತಿಳಿಯಲಿಲ್ಲ. ನಿನಗೆ ವಿಡಿಯೊ ಮಾಡಿದೆ, ಹೋಗಲಿಲ್ಲ. ಮತ್ತೆ ಮತ್ತೆ ಮಾಡಿದೆ. ಇವತ್ತು ಒಂದು ಸಲವೂ ಒದ್ದಿಲ್ಲ.

ಟೈಲರ್ ಅದನ್ನೆಲ್ಲ ಕೂಗಿ ಹೇಳಿದ. ಡಾಕ್ಟರಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋದರು. ನರ್ಸಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. "ನಿನ್ನೆ ಬಂದಿದ್ಲು, ವಿಡಿಯೊ ಅಪ್ಪ. ನಾನೇ ನೋಡ್ದೆ. ಮಗು ಎದೆಬಡಿತ ಕೇಳಿಸ್ತು, ಬಿ.ಪಿ. ಸರಿ ಇತ್ತು. ಹೆದರ್ಕೊಂಡಿದ್ದಾಳೆ ಅಂತ ಬೆನ್ನು ತಟ್ಟಿ ಕಳಿಸ್ದೆ. ಒದೆಯೋದು ಕಮ್ಮಿ ಆಗಿದೆ ಅಂತ ಒಂದು ಮಾತು ತಿಳಿದಿದ್ರೆ ಇಲ್ಲೇ ಇಟ್ಕೊಳ್ತಿದ್ವಿ."

ಡಾಕ್ಟರಮ್ಮ ಹೊರಗೆ ಬಂದು ಟೈಲರನ್ನು ಕರೆದರು. ಮಗುವಿನ ಎದೆಬಡಿತ ನಿಂತಿದೆ ಎಂದರು.

"ನಿನ್ನೆ ಗೊತ್ತಾಗಿದ್ರೆ?" ಎಂದ ಟೈಲರ್.

"ಉಳೀತಿತ್ತು ಅಂತ ನಾನು ಖಚಿತವಾಗಿ ಹೇಳಲಾರೆ. ಉಳಿಸೋಕೆ ಒಂದು ದಾರಿ ಇತ್ತು. ಅಷ್ಟು ಹೇಳಬಲ್ಲೆ." ಡಾಕ್ಟರಮ್ಮ ಒಳಗಿನ ಬಾಗಿಲು ತೋರಿಸಿದರು. "ಅವಳಿಗೆ ನೀವೇ ಹೇಳ್ಬೇಕು. ಇಲ್ಲಿ ಬೇರೆ ಯಾರಿಗೂ ಬರಲ್ಲ."

ಯಾವ ಅಪ್ಪನಿಗೂ ಬೇಡ ಆ ಕೆಲಸ. ಮಗಳು ಮಂಚದ ಮೇಲೆ ಅವನ ಕೈಗಳನ್ನೇ ನೋಡುತ್ತ ಮಲಗಿದ್ದಳು. ಬೇರೆಯವರಾದರೆ ಮುಖ ತಿರುಗಿಸಿಕೊಂಡು, ತಗ್ಗಿದ ದನಿಯಲ್ಲಿ, ಅರ್ಧ ಮಾತು ನುಂಗಿ ಹೇಳಬಹುದು. ಕೈಯಲ್ಲಿ ಹೇಳುವವನು ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಪೂರ್ತಿ ಹೇಳಬೇಕು. ಟೈಲರ್ ಕೈ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಕೊನೆಗೆ ಹೇಳಿದ. ಅವಳ ಬಾಯಿಂದ ಹೊರಟ ಸದ್ದು ಅವಳಿಗೆ ಕೇಳಿಸಲಿಲ್ಲ, ಇಡೀ ವಾರ್ಡಿಗೆ ಕೇಳಿಸಿತು.

ದೇವರ ದಯೆ, ತಾಯಿ ಉಳಿದಳು.

ಟೈಲರ್ ಮಗಳನ್ನು ಕರೆದುಕೊಂಡು ಊರಿಗೆ ವಾಪಸ್ಸು ಬಂದು ಎಷ್ಟೋ ದಿನ ಅಂಗಡಿ ತೆರೆಯಲಿಲ್ಲ. ಒಂದು ದಿನ ಎಕ್ಸ್‌ಚೇಂಜ್ ಅಕ್ಕ ಬಂದು ಪಕ್ಕದಲ್ಲಿ ಕೂತರು. "ನಾನು ಅವತ್ತೇ ಹೇಳಿದ್ದೆ" ಅನ್ನುವ ಮಾತು ಅವರ ಬಾಯಿಂದ ಬರಲಿಲ್ಲ, ಪುಣ್ಯಾತ್ಗಿತ್ತಿ.

"ನಾನು ಬಸ್ಸು ಹತ್ತಬೇಕಿತ್ತು ಅಕ್ಕ," ಎಂದ ಟೈಲರ್. "ಅದು ನನ್ನ ತಪ್ಪು, ಸಾಯೋವರೆಗೂ ಹೊತ್ಕೊಳ್ತೀನಿ. ಆದ್ರೆ ಒಂದು ಹೇಳಿ. ಆ ವಿಡಿಯೊ ಬಿಟ್ಟವನು ಸಿಕ್ಕಿದ್ನಾ?"

"ಇಲ್ಲಪ್ಪ. ನೆಟ್ ನಿಂತಿದ್ದಾಗಲೂ ಸುಳ್ಳು ನಿಲ್ಲಲಿಲ್ಲ. ಬಾಯಿಂದ ಬಾಯಿಗೆ ಓಡ್ತಾನೇ ಇತ್ತು. ಅದು ಸುಳ್ಳು ಅಂತ ಹೇಳೋಕೆ ನಮಗೇ ದಾರಿ ಇರ್ಲಿಲ್ಲ."

ಟೈಲರ್ ಎದ್ದು ನಿಂತ. "ಅವತ್ತು ಕೇಳೋಣ ಬಾ ಅಂದ್ರಲ್ಲ. ಈಗ ಹೋಗೋಣ. ಮಗಳೂ ಬರ್ತಾಳೆ."

ಸರ್ಕಾರಿ ಕಚೇರಿಯಲ್ಲಿ ಜನರ ಅಹವಾಲು ಕೇಳುವ ದಿನ ಅವರು ಹೋದರು. ಸಾಣೆ ಹಿಡಿಯುವವನೂ ಜೊತೆಗೆ ಬಂದ, ಟೈಲರ್ ಹೊಲಿದುಕೊಟ್ಟ ಅಂಗಿ ಹಾಕಿಕೊಂಡು. "ಹೊಡೆದವರಿಗೆ ಶಿಕ್ಷೆ ಆಗ್ಲಿ ಅಂತ ಕೇಳಿದ್ದೆ. ಊರಿನ ಬಾಯಿ ಕಟ್ಟಿ ಅಂತ ನಾನ್ಯಾವತ್ತು ಕೇಳಿದ್ದೆ?" ಎಂದ ಅವನು.

ದೊಡ್ಡ ಅಧಿಕಾರಿ ಕೆಟ್ಟವರೇನಲ್ಲ. ಕುರ್ಚಿ ಹಾಕಿಸಿದರು. "ನೋಡಿ, ಊರು ಹೊತ್ತಿ ಉರಿಯೋದ್ರಲ್ಲಿತ್ತು. ನಾವು ಇನ್ನೇನು ಮಾಡ್ಬೇಕಿತ್ತು? ಫೋನ್ ಕರೆಗಳನ್ನ ನಿಲ್ಲಿಸಿರಲಿಲ್ಲವಲ್ಲ," ಎಂದರು.

ಮಗಳು ಎದ್ದು ನಿಂತಳು. ಅವಳ ಕೈ ಆಡಿದ ಹಾಗೆ ಅಪ್ಪನ ಬಾಯಿ ಆಡಿತು.

"ನಾನು ಸುಮ್ಮನೆ ಇರ್ಲಿಲ್ಲ ಸರ್. ಮನೆ ಓನರಮ್ಮನ ಮುಂದೆ ಕಿರುಚಿದ್ದೀನಿ. ಆಸ್ಪತ್ರೆಯಲ್ಲಿ ಕಿರುಚಿದ್ದೀನಿ. ನಾನು ಕಿರುಚೋದು ಕೈಯಲ್ಲಿ. ಅದನ್ನ ಕೇಳೋ ಕಿವಿ ನಮ್ಮಪ್ಪ ಒಬ್ಬರ ಹತ್ರ ಇತ್ತು. ಅಲ್ಲಿಗೆ ಹೋಗೋ ದಾರೀನ ನೀವು ಮುಚ್ಚಿದ್ರಿ. ನಾನು ಯಾರಿಗೂ ಕಲ್ಲು ಹೊಡೆದಿಲ್ಲ. ನನ್ನ ಮಗುವೂ ಕಲ್ಲು ಹೊಡೆದಿಲ್ಲ."

ಅಷ್ಟು ಹೇಳಿ ಟೈಲರ್ ಮುಖ ಒರೆಸಿಕೊಂಡ. ಮಗಳ ಕೈ ಇನ್ನೂ ಆಡುತ್ತಲೇ ಇತ್ತು. ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟರು. ಅವನು ಉಸಿರು ಎಳೆದುಕೊಂಡು ಉಳಿದದ್ದನ್ನೂ ಹೇಳಿದ.

"ಇನ್ನೊಂದ್ಸಲ ಮುಚ್ಚೋ ಮುಂಚೆ ನನ್ನಂಥವರು ಎಲ್ಲೆಲ್ಲಿದ್ದಾರೆ ಅಂತ ಕೇಳಿ. ಅಷ್ಟನ್ನೂ ಕೇಳೋಕೆ ಆಗದೇ ಇದ್ರೆ, ಮುಚ್ಚಬೇಡಿ."

ಅಧಿಕಾರಿ ಪೆನ್ನು ತೆಗೆದುಕೊಂಡರು. ಮುಂದೆ ಅಂಥ ಆದೇಶ ಮಾಡಿದರೆ ಕಾರಣ ಮತ್ತು ಮುಗಿಯುವ ದಿನವನ್ನು ಊರಿಗೆಲ್ಲ ಕಾಣುವಂತೆ ಹಾಕಿಸುತ್ತೇವೆ, ಆಸ್ಪತ್ರೆಗಳ ನೆಟ್ ನಿಲ್ಲಿಸುವುದಿಲ್ಲ ಎಂದು ಬರೆದುಕೊಟ್ಟರು. ಸಿಕ್ಕಿದ್ದು ಅಷ್ಟೇ. ಆಸ್ಪತ್ರೆಯಲ್ಲಿ ನೆಟ್ ಇದ್ದು ಟೈಲರ್ ಅಂಗಡಿಯಲ್ಲಿ ಇಲ್ಲದಿದ್ದರೆ ಏನು ಬಂತು? ಅದು ಸಾಲದು, ಅವರಿಗೂ ಗೊತ್ತು, ಇವರಿಗೂ ಗೊತ್ತು. ಅದಕ್ಕೇ ಟೈಲರ್ ಪ್ರತಿ ಅಹವಾಲು ದಿನವೂ ಹೋಗುತ್ತಾನೆ. ಅಂಗಡಿಗೆ ಬಂದವರು ಯಾರಾದರೂ "ಮುಚ್ಚಿದ್ರೇನೇ ಒಳ್ಳೇದು ಬಿಡಿ" ಅಂದರೆ ಅವನು ಜಗಳಕ್ಕೆ ನಿಲ್ಲುವುದಿಲ್ಲ. ಮಿಷನ್ ನಿಲ್ಲಿಸಿ, ಕೂರಿಸಿ, ನಡೆದದ್ದನ್ನು ಹೇಳುತ್ತಾನೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕೇಳುತ್ತಿರುವ ಅಮ್ಮಂದಿರೇ, ಸುಳ್ಳು ಸುದ್ದಿ ನಿಮ್ಮ ಮೊಬೈಲಿಗೆ ಬಂದರೆ ಅಲ್ಲೇ ನಿಲ್ಲಿಸಿ, ಮುಂದೆ ಕಳಿಸಬೇಡಿ. ಅದು ನಮ್ಮ ಪಾಲಿನ ಕೆಲಸ, ಅದನ್ನು ಮಾಡದೆ ಸರ್ಕಾರವನ್ನು ಬೈಯುವ ಬಾಯಿ ನಮಗಿಲ್ಲ. ಆದರೆ ತಪ್ಪು ಮಾಡಿದವನನ್ನು ಬಿಟ್ಟು ಇಡೀ ಊರಿನ ನೆಟ್ ನಿಲ್ಲಿಸಿದರೆ "ದೊಡ್ಡವರ ಸಹವಾಸ ನಮಗ್ಯಾಕೆ" ಎಂದು ಕೂರಬೇಡಿ. ಕಲ್ಲು ಎತ್ತಬೇಡಿ, ಕೈ ಎತ್ತಿ ಕೇಳಿ. ಯಾರು ಹೇಳಿದರು, ಯಾಕೆ, ಯಾವಾಗ ಮತ್ತೆ ಕೊಡುತ್ತೀರಿ ಎಂದು ಕೇಳಿ. ಒಬ್ಬರೇ ಹೋಗಲು ಅಂಜಿಕೆಯಾದರೆ ನಿಮ್ಮ ಸಂಘದವರನ್ನೋ ನೆರೆಯವರನ್ನೋ ಕರೆದುಕೊಂಡು ಹೋಗಿ. ನಿಮಗೆ ನೆಟ್ ಬರೀ ಹೊತ್ತು ಕಳೆಯುವ ಆಟ ಇರಬಹುದು. ಆದರೆ ನಿಮ್ಮ ಬೀದಿಯಲ್ಲೇ ಒಬ್ಬರಿಗೆ ಅದು ಬಾಯಿ, ಒಬ್ಬರಿಗೆ ಕಿವಿ. ಅದು ಬಂದ್ ಆದ ದಿನ ಅವರು ಎಷ್ಟು ಕೂಗಿದರೂ ನಿಮಗೆ ಕೇಳಿಸುವುದಿಲ್ಲ. ಅವರ ಪರವಾಗಿ ಇವತ್ತೇ ಕೇಳಿ, ದಾರಿ ತೆರೆದಿರುವಾಗಲೇ.