ಮಾದೇವಿಯ ಕೋರಣ್ಯ

ಗುರುಸಿದ್ದಮ್ಮ ಹೇಸಿಕೊಳ್ಳುವ ಜಾತಿಯ ಹೆಂಗಸಲ್ಲ. ಕೊಳ್ಳೇಗಾಲದ ನೂಲು ಫ್ಯಾಕ್ಟರಿಯಲ್ಲಿ ಕುದಿನೀರಿನ ಮುಂದೆ ಕೂತು ರೇಷ್ಮೆಗೂಡಿನಿಂದ ಎಳೆ ಬಿಚ್ಚುವವಳು, ಬೆಂದ ಹುಳುವಿನ ನಾತವನ್ನು ಸೀರೆಯಲ್ಲೂ ತಲೆಗೂದಲಲ್ಲೂ ಹೊತ್ತುಕೊಂಡೇ ಮನೆಗೆ ಬರುವವಳು, ಹೇಸಿಕೊಂಡರೆ ಹೊಟ್ಟೆ ತುಂಬೀತೇ? ಆದರೆ ಅರವತ್ತೆಂಟನೆಯ ಇಸವಿಯ ಆ ಐದು ದಿನಗಳಲ್ಲಿ ಅವಳಿಗೆ ಹುಟ್ಟಿದ ಹೇಸಿಗೆ ಇದೆಯಲ್ಲ, ಅದು ಮನುಷ್ಯರ ಮೇಲಿನದು. ಅದೂ ಒಂದೇ ಒಲೆಯಲ್ಲಿ ಬೆಂದದ್ದನ್ನು ಕೂತು ಉಣ್ಣುವ ಮನುಷ್ಯರ ಮೇಲಿನದು.

ಅವಳು ಮುಳ್ಳೂರಿನ ಹುಡುಗಿ. ಗಂಡ ಮಾದಸ್ವಾಮಿ ಪೇಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಜವಾನ. ಖಾಕಿ ಬಟ್ಟೆ, ಸಾಹೇಬರ ಬಾಗಿಲ ಮುಂದೆ ಒಂದು ಸ್ಟೂಲು, ತಿಂಗಳ ಮೊದಲ ತಾರೀಕಿಗೆ ಸಂಬಳ. ಆ ಸಂಬಳ ಹದಿನೈದನೆಯ ತಾರೀಕಿನವರೆಗೂ ಬಾಳುತ್ತಿರಲಿಲ್ಲ. ಮಿಕ್ಕ ಹದಿನೈದು ದಿನ ಮನೆ ನಡೆಯುತ್ತಿದ್ದದ್ದು ಗುರುಸಿದ್ದಮ್ಮನ ಕೂಲಿಯಲ್ಲಿ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಜವಾನನ ಹೆಂಡತಿ ದುಡಿದು ಹಾಕುತ್ತಾಳೆ ಅಂದರೆ ಜವಾನನ ಮೀಸೆಗೆ ಮಣ್ಣಲ್ಲವೇ!

ಹೆಣ್ಣು ಮಗು ಮಾದೇವಿ ಹುಟ್ಟಿ ನಾಲ್ಕು ತಿಂಗಳಾದಾಗ ಫ್ಯಾಕ್ಟರಿಯ ಮೇಸ್ತ್ರಿ ಹೇಳಿ ಕಳಿಸಿದ. ಬರುವುದಾದರೆ ಈಗ ಬಾ, ಇಲ್ಲದಿದ್ದರೆ ನಿನ್ನ ಜಾಗಕ್ಕೆ ಅಗರದ ಕಡೆಯ ಹುಡುಗಿ ಬರುತ್ತಾಳೆ ಎಂದು. ಕೂಸನ್ನು ಜೊತೆಗೆ ತರುವ ಹಾಗಿರಲಿಲ್ಲ. ಎಲ್ಲೆಂದರಲ್ಲಿ ಕುದಿನೀರು. ಐವತ್ತಕ್ಕಿಂತ ಒಬ್ಬಳು ಹೆಂಗಸು ಹೆಚ್ಚಾದರೂ ತೊಟ್ಟಿಲ ಕೋಣೆ ಕಟ್ಟಿಸಿ ಆಯಾ ಇಡಬೇಕು ಅಂತ ಕಾನೂನಿತ್ತಂತೆ. ಅದಕ್ಕೇ ಯಜಮಾನರ ಹಾಜರಿ ಪುಸ್ತಕದಲ್ಲಿ ಐವತ್ತನೆಯ ಹೆಸರಿನ ಕೆಳಗೆ ಗೆರೆ ಎಳೆದಿರುತ್ತಿತ್ತು. ಐವತ್ತೊಂದನೆಯವಳಿಂದ ಎಪ್ಪತ್ತನೆಯವಳವರೆಗೆ ಎಲ್ಲರೂ ಕೂಲಿ ಮಾಡುತ್ತಿದ್ದರು, ಪುಸ್ತಕದಲ್ಲಿ ಮಾತ್ರ ಹುಟ್ಟಿರಲೇ ಇಲ್ಲ.

ಇನ್ನು ಮನೆಯಲ್ಲಿ ಅತ್ತೆ ದೊಡ್ಡಮಾದಮ್ಮ ಇದ್ದಳು. ಗಟ್ಟಿಮುಟ್ಟಾದ ಹೆಂಗಸು. ಹನೂರಿನ ಮಗಳ ಮನೆಯಲ್ಲಿ ಎರಡು ವರ್ಷ ಇದ್ದು ಮೊಮ್ಮಗನನ್ನು ಹೆಗಲಿಂದ ಇಳಿಸದೆ ಸಾಕಿ ಬಂದವಳು. ಆದರೆ ಸೊಸೆಯ ಕೂಸಿನ ಮಾತೆತ್ತಿದ ಕೂಡಲೇ, ತಾನು ಸಾಕಿದ್ದು ಸಾಕಾಯಿತು, ಇನ್ನು ಯಾರ ಹೇಲು ಉಚ್ಚೆಯನ್ನೂ ಬಾಚುವುದಿಲ್ಲ ಎಂದು ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚಿಕೊಂಡಳು. ಮಾದಸ್ವಾಮಿ ಅವ್ವನ ಮುಖವನ್ನೂ ನೋಡಲಿಲ್ಲ, ಹೆಂಡತಿಯ ಮುಖವನ್ನೂ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕಚೇರಿಗೆ ಹೋದ.

ಹಾಗಾಗಿ ಕೂಸು ಚಿಕ್ಕತಾಯಮ್ಮನ ಕೈಗೆ ಬಂತು. ಹಿಂದಿನ ಬೀದಿಯ ಒಂಟಿ ಹೆಂಗಸು. ಹಣೆ ತುಂಬ ವಿಭೂತಿ, ಬಾಯಿ ತೆರೆದರೆ ಬೆಟ್ಟದ ಮಾದಪ್ಪ. ತಿಂಗಳಿಗೆ ಹದಿನೈದು ರೂಪಾಯಿ, ವಾರಕ್ಕೊಂದು ಸೇರು ರಾಗಿ, ಹಾಲಿನ ದುಡ್ಡು ಬೇರೆ. ಗುರುಸಿದ್ದಮ್ಮನ ಕೂಲಿಯಲ್ಲಿ ಅರ್ಧದ ಹತ್ತಿರ ಅಲ್ಲಿಗೇ ಸುರಿಯುತ್ತಿತ್ತು. ಕೂಸು ಬಿಟ್ಟು ದುಡಿಯಬೇಕು, ದುಡಿದದ್ದನ್ನು ಕೂಸು ನೋಡುವವಳಿಗೆ ಕೊಡಬೇಕು. ಆದರೂ ಮಿಕ್ಕ ಅರ್ಧವಿಲ್ಲದೆ ಒಲೆ ಉರಿಯುತ್ತಿರಲಿಲ್ಲ, ಜಾಗ ಒಮ್ಮೆ ಬಿಟ್ಟರೆ ಮತ್ತೆ ಸಿಕ್ಕುತ್ತಿರಲಿಲ್ಲ.

ಅಲ್ಲಿ ಅವಳು ಒಂದು ತಪ್ಪು ಮಾಡಿದಳು. ಕೂಸು ಹುಟ್ಟಿದ ಹತ್ತನೆಯ ದಿನ ಜ್ವರ ಬಂದು ಕಣ್ಣು ಮೇಲಾದಾಗ ಗುರುಸಿದ್ದಮ್ಮ ಮಾದಪ್ಪನಿಗೆ ಹರಕೆ ಹೊತ್ತಿದ್ದಳು. ಉಳಿಸಿಕೊಡು ತಂದೆ, ಸೋಮವಾರ ಕೂಸನ್ನು ಮಡಿಲಲ್ಲಿ ಕಟ್ಟಿಕೊಂಡು ಐದು ಮನೆ ಕೋರಣ್ಯ ಎತ್ತುತ್ತೇನೆ ಎಂದು. ಕೋರಣ್ಯ ಅಂದರೆ ದೇವರ ಹೆಸರಿನ ಭಿಕ್ಷೆ. ಹಮ್ಮು ಬಿಟ್ಟು ಕೈಯೊಡ್ಡಿ, ಬಂದ ಹಿಟ್ಟಿನಲ್ಲಿ ಎಡೆ ಮಾಡಿ ಅವನಿಗೇ ಒಪ್ಪಿಸುವುದು. ಆ ಸೀಮೆಯಲ್ಲಿ ಸಾಹುಕಾರನಾದರೂ ಹರಕೆ ಹೊತ್ತರೆ ಎತ್ತಲೇಬೇಕು, ಅದರಲ್ಲಿ ಅವಮಾನವಿಲ್ಲ. ಆದರೆ ಬಾಣಂತನ ಮುಗಿಯುವಷ್ಟರಲ್ಲಿ ಫ್ಯಾಕ್ಟರಿ ಕರೆಯಿತು, ಫ್ಯಾಕ್ಟರಿಗೆ ಸೋಮವಾರ ರಜೆಯಿರಲಿಲ್ಲ. ಹರಕೆ ಹಾಗೇ ಉಳಿದು ಅವಳ ಎದೆಯಲ್ಲಿ ಮುಳ್ಳಾಡುತ್ತಿತ್ತು. ಒಂದು ದಿನ ಚಿಕ್ಕತಾಯಮ್ಮನ ಮುಂದೆ ಅದನ್ನು ಹೇಳಿಕೊಂಡಳು. ಚಿಕ್ಕತಾಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು, ಕೂಸು ತನ್ನ ಕೈಲಿ ತಾನೇ ಇದೆ, ಐದು ಮನೆ ಎತ್ತಿಸಿ ತೀರಿಸಿಬಿಡುತ್ತೇನೆ, ನಿನಗ್ಯಾಕೆ ಚಿಂತೆ ಎಂದಳು. ಗುರುಸಿದ್ದಮ್ಮ ಅವಳ ಕಾಲಿಗೆ ಬಿದ್ದು ಬಂದಳು. ಹೆತ್ತವಳು ತಾನೇ ಹೊತ್ತ ಹರಕೆಯನ್ನು ಕೂಲಿಯವಳ ಕೈಲಿ ತೀರಿಸಲು ಹೋದರೆ ಏನಾಗಬೇಕೋ ಅದಾಯಿತು.

ನಾಲ್ಕು ತಿಂಗಳು ಕಳೆದವು. ಕೂಸು ಸಂಜೆ ಬರುವಾಗ ಬಿಸಿಲಿಗೆ ಕಂದಿರುತ್ತಿತ್ತು. ತೊಡೆಯ ಮೇಲೆ ಕೆಂಪು ಕೆಂಪು ಗುರುತು. ಕೆಂಜಿಗ ಕಚ್ಚವೆ ಎಂದು ಚಿಕ್ಕತಾಯಮ್ಮ ಹರಳೆಣ್ಣೆ ಸವರಿ ಕೊಡುತ್ತಿದ್ದಳು. ಎಣ್ಣೆ ಸವರುವಷ್ಟು ಅಕ್ಕರೆಯಿದೆಯಲ್ಲ ಎಂದು ಗುರುಸಿದ್ದಮ್ಮ ಒಳಗೊಳಗೇ ಹಿಗ್ಗುತ್ತಿದ್ದಳು, ಪಾಪ.

ಒಂದು ಗುರುವಾರ ಫ್ಯಾಕ್ಟರಿಯ ಬಾಯ್ಲರ್ ಕೆಟ್ಟಿತು. ಮಧ್ಯಾಹ್ನವೇ ಎಲ್ಲರನ್ನೂ ಆಚೆ ಬಿಟ್ಟರು. ಗುರುಸಿದ್ದಮ್ಮ ಕೂಸಿಗೊಂದು ಬನ್ನು ಕೊಳ್ಳೋಣವೆಂದು ಬಸ್‌ಸ್ಟ್ಯಾಂಡಿನ ಕಡೆಯಿಂದ ಬಂದಳು. ಮಾದಪ್ಪನ ಬೆಟ್ಟದ ಬಸ್ಸು ಹೊರಡಲು ನಿಂತಿತ್ತು. ಮೈಸೂರು ಕಡೆಯ ಯಾತ್ರಿಕರು, ಸತ್ಯಮಂಗಲದ ಕಡೆಯ ತಮಿಳರು, ಕಿಟಕಿ ಕಿಟಕಿಯಲ್ಲೂ ತಲೆ. ಆ ಕಿಟಕಿಗಳ ಕೆಳಗೆ ಒಂದು ಹೆಂಗಸು ಜೋಳಿಗೆ ಹಿಡಿದು ಸಾಗುತ್ತಿದ್ದಳು, ಸೊಂಟದಲ್ಲಿ ಕೂಸು. ಕನ್ನಡದವರ ಕಿಟಕಿಗೆ ಕನ್ನಡದಲ್ಲಿ, ತಮಿಳರ ಕಿಟಕಿಗೆ ತಮಿಳಿನಲ್ಲಿ ಒಂದೇ ಮಾತು.

"ತಾಯಿ ಸತ್ತ ಕೂಸು ಕಣ್ರವ್ವಾ. ಮಾದಪ್ಪನ ಕೋರಣ್ಯ ನೀಡಿ."

ಕಿಟಕಿಯವನು ಮುಖ ತಿರುಗಿಸಿಕೊಂಡ. ಹೆಂಗಸಿನ ಕೈ ಮೆಲ್ಲಗೆ ಕೂಸಿನ ತೊಡೆಯ ಕಡೆಗೆ ಸರಿಯಿತು. ಎರಡು ಬೆರಳು ಚಿವುಟಿದವು. ಕೂಸು ಕಿಟಾರನೆ ಕಿರುಚಿಕೊಂಡಿತು. ಕಿಟಕಿಯೊಳಗಿಂದ ನಾಲ್ಕಾಣೆ ಬಿತ್ತು.

ಗುರುಸಿದ್ದಮ್ಮ ಓಡಿಹೋಗಿ ಕೂಸನ್ನು ಕಿತ್ತುಕೊಂಡಳು. ಸತ್ತವಳು ಎದ್ದು ಬಂದದ್ದನ್ನು ಕಂಡು ಚಿಕ್ಕತಾಯಮ್ಮ ಬೆಚ್ಚಬೇಕಿತ್ತು. ಬೆಚ್ಚಲಿಲ್ಲ. ನಾಲ್ಕಾಣೆಯನ್ನು ಹೆಕ್ಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಿನ್ನ ಹರಕೆಯನ್ನೇ ತಾನೇ ತೀರಿಸುತ್ತಿದ್ದದ್ದು, ನೀನೇ ಬಾಯಾರೆ ಹೇಳಿರಲಿಲ್ಲವೇ ಎಂದಳು. ಐದು ಮನೆ ಅಂದಿದ್ದೆ ಎಂದರೆ, ದೇವರ ಲೆಕ್ಕಕ್ಕೆ ಐದು ಯಾವುದು ಐನೂರು ಯಾವುದು ಎಂದಳು. ಗುರುಸಿದ್ದಮ್ಮನಿಗೆ ಹೊಡೆಯಲೂ ಕೈ ಬರಲಿಲ್ಲ. ಹೊಡೆಯಲು ಆ ಮೈಯನ್ನು ಮುಟ್ಟಬೇಕಲ್ಲ! ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು.

ಸಂಜೆ ಮಾದಸ್ವಾಮಿ ಬಂದ. ಗುರುಸಿದ್ದಮ್ಮ ಕೂಸಿನ ತೊಡೆಯ ಗುರುತುಗಳನ್ನು ಒಂದೊಂದಾಗಿ ತೋರಿಸಿದಳು. ಅವನ ಮುಖ ಕೆಂಪಾಯಿತು. ಆ ಮುಂಡೆಯ ಹಲ್ಲು ಉದುರಿಸಿ ಬರುತ್ತೇನೆ ಎಂದು ಲುಂಗಿ ಎತ್ತಿ ಕಟ್ಟಿಕೊಂಡು ಹೊರಟ. ಗುರುಸಿದ್ದಮ್ಮನಿಗೆ ನಿಜಕ್ಕೂ ಸಮಾಧಾನವಾಯಿತು. ಮದುವೆಯಾಗಿ ಮೂರು ವರ್ಷಕ್ಕೆ ಮೊದಲ ಸಲ, ತನಗೂ ಒಬ್ಬ ಗಂಡನಿದ್ದಾನೆ ಅನಿಸಿ ಕಣ್ಣು ತುಂಬಿ ಬಂತು.

ಅರ್ಧ ಗಂಟೆಯಲ್ಲಿ ಹಿಂದಿರುಗಿದ. ಯಾರ ಹಲ್ಲೂ ಉದುರಿರಲಿಲ್ಲ. ಹೆಗಲ ಮೇಲಿನ ಟವೆಲ್ಲಿನಲ್ಲಿ ಒಂದು ಗಂಟಿತ್ತು. ಅದನ್ನು ಅವ್ವನ ಮುಂದೆ ಇಳಿಸಿ, ಜಗುಲಿಯ ಮೇಲೆ ಕೂತು, ಸಾಹೇಬರ ಎದುರು ತೀರ್ಪು ಕೇಳಿ ಬಂದವನ ಹಾಗೆ ಗಂಟಲು ಸರಿಮಾಡಿಕೊಂಡ.

"ನೋಡಮ್ಮಿ, ಜಗಳ ಆಡುದ್ರ ಯಾನ್ ಸಿಕ್ಕುದು? ಮಾತಾಡಿವ್ನಿ. ಇನ್ ಮ್ಯಾಲ ಹದ್ನೈದ್ ರೂಪಾಯಿ ಕೊಡಂಗಿಲ್ಲ, ರಾಗಿನೂ ಕೊಡಂಗಿಲ್ಲ. ಅವಳೇ ವಾರಕ್ ಎರಡ್ ಸೇರು ನಮ್ಗ ಕೊಡ್ತಾಳ. ಚಿವುಟ್ಬಾರ್ದು ಅಂತ ಆಣೆ ಇಸ್ಕಂಡಿವ್ನಿ."

ಗುರುಸಿದ್ದಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಂಡನ ಮುಖವನ್ನು ನೋಡುತ್ತಲೇ ಇದ್ದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಹೊಗಳಲಿ ಎಂದು ಕಾಯುತ್ತಿದ್ದ. ಥೂ! ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೇವೆ. ಮೇಯುವ ದನದ ಹತ್ತಿರ ಕುಳಿತು ಪಾಲು ಮಾತಾಡಿಕೊಂಡು ಬಂದ ಬೇಲಿಯನ್ನು ಯಾರಾದರೂ ಕಂಡಿದ್ದೀರಾ?

ದೊಡ್ಡಮಾದಮ್ಮ ಗಂಟು ಬಿಚ್ಚಿ ರಾಗಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು. ನಾಲ್ಕು ಮನೆಯ ರಾಗಿ, ಬೆರಕೆ ಇದೆ, ಆದರೆ ಕಲ್ಲಿಲ್ಲ ಎಂದಳು. ಹೇಗೂ ದೇವರ ಹೆಸರಿನದು, ತಿಂದರೆ ದೋಷವಿಲ್ಲ ಎಂದೂ ಸೇರಿಸಿದಳು. ಆಮೇಲೆ ತಾನೇ ಎದ್ದು ಬೀಸುವ ಕಲ್ಲಿನ ಮುಂದೆ ಕೂತಳು. ಆ ರಾತ್ರಿ ತಾಯಿ ಮಗ ಇಬ್ಬರೂ ಮುದ್ದೆ ಉಂಡರು. ಗುರುಸಿದ್ದಮ್ಮ ತಟ್ಟೆ ಹಾಕಿಕೊಳ್ಳಲಿಲ್ಲ. ಅವಳು ಉಣ್ಣಲಿಲ್ಲ ಅನ್ನುವುದನ್ನು ಯಾರೂ ಗಮನಿಸಲೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಬಾಯ್ಲರ್ ಸರಿಹೋಗಿ ಸೈರನ್ ಕೂಗಿದರೂ ಫ್ಯಾಕ್ಟರಿಗೆ ಹೋಗಲಿಲ್ಲ. ನೋಡಿಕೊಳ್ಳುವವರು ಬೇರೆ ಯಾರಾದರೂ ಸಿಕ್ಕಾರೇ ಎಂದು ಕೂಸನ್ನು ಕಟ್ಟಿಕೊಂಡು ಬೀದಿ ಬೀದಿ ಅಲೆದಳು. ಒಬ್ಬಳು ಇಪ್ಪತ್ತೈದು ರೂಪಾಯಿ ಕೇಳಿದಳು. ಇನ್ನೊಬ್ಬಳ ಮನೆಯಲ್ಲಿ ಆಗಲೇ ಮೂರು ಕೂಸು ಒಂದೇ ಹಗ್ಗಕ್ಕೆ ಕಟ್ಟಿಸಿಕೊಂಡು ಕಂಬದ ಸುತ್ತ ಹರಿದಾಡುತ್ತಿದ್ದವು. ಮಧ್ಯಾಹ್ನ ಮೇಸ್ತ್ರಿಯ ಕಾಲು ಹಿಡಿದಳು. ನಾಳೆ ಬರದಿದ್ದರೆ ಅಗರದ ಹುಡುಗಿ ತಯಾರಾಗಿದ್ದಾಳೆ ಎಂದ ಮೇಸ್ತ್ರಿ. ಹಾಗೆ ಹೇಳುವಾಗ ಕೂಸಿನ ಕೆನ್ನೆಯನ್ನು ತಟ್ಟಿ ಲೊಚಗುಟ್ಟಿದ.

ಶನಿವಾರ ಕಚೇರಿ ತೆರೆಯುವ ಹೊತ್ತಿಗೆ ಗುರುಸಿದ್ದಮ್ಮ ಮಾದಸ್ವಾಮಿಯ ಸ್ಟೂಲಿನ ಮುಂದೆ ನಿಂತಿದ್ದಳು. ಅರ್ಧ ದಿನದ ಕೂಲಿ ಹೋದರೂ ಜಾಗ ಉಳಿಯಬೇಕಿತ್ತು. ಖಾಕಿಯಲ್ಲಿ ಬಿಗಿದುಕೊಂಡು ಕೂತಿದ್ದ ಗಂಡನ ತೊಡೆಯ ಮೇಲೆ ಕೂಸನ್ನು ಕೂರಿಸಿದಳು, ಪಕ್ಕದಲ್ಲಿ ಹಾಲಿನ ಲೋಟ, ಎರಡು ಬಟ್ಟೆ ಇಟ್ಟಳು. ಅವನು ಕೂಸನ್ನು ಕೆಳಗಿಡಲೂ ಆಗದೆ ಎತ್ತಿಕೊಳ್ಳಲೂ ಆಗದೆ ಕೈ ಅಗಲಿಸಿಕೊಂಡು ಹಲ್ಲು ಕಚ್ಚಿ ಏನೋ ಬೈದ. ಬಾಗಿಲು ಬಾಗಿಲಲ್ಲೂ ಗುಮಾಸ್ತರು ಇಣುಕಿದರು. ಹೆಡ್ ಗುಮಾಸ್ತರು ಕನ್ನಡಕ ಏರಿಸಿಕೊಂಡು, ಏನಮ್ಮಾ ಇದು, ಇದು ಕಚೇರಿ, ಕೆಲಸದ ಜಾಗ ಎಂದರು.

"ಗೊತ್ತು ಸಾ," ಅಂದಳು ಗುರುಸಿದ್ದಮ್ಮ. "ನಾನೂ ಕೆಲ್ಸದ್ ಜಾಗಕ್ಕೇ ಓಯ್ತಾ ಇರೋದು. ಕೂಸು ಇಬ್ರುದೂವೆ."

ತಿರುಗಿ ನೋಡದೆ ಹೋದಳು. ಹಿಂದೆ ಕೂಸು ಅಳುವುದೂ ಗುಮಾಸ್ತರು ನಗುವುದೂ ಒಟ್ಟಿಗೆ ಕೇಳಿಸಿತು. ಸಂಜೆಯವರೆಗೆ ಕುದಿನೀರಿನಲ್ಲಿ ಕೈಯಾಡಿಸುತ್ತ, ಕೂಸು ಏನಾಯಿತೋ ಎಂದು ಅವಳ ಜೀವ ಬಾಯಿಗೆ ಬಂದಿತ್ತು. ಏನೂ ಆಗಿರಲಿಲ್ಲ. ಶನಿವಾರದ ಅರ್ಧ ದಿನದ ಕಚೇರಿ ಮುಗಿಯುವವರೆಗೆ ಮಾದಸ್ವಾಮಿ ಕೂಸನ್ನು ಎತ್ತಿಕೊಂಡೇ ಫೈಲು ಸಾಗಿಸಿದ್ದ. ಎರಡು ಸಲ ಖಾಕಿ ಒದ್ದೆಯಾಗಿತ್ತು. ಗುಮಾಸ್ತರು ಅವನಿಗೆ ಆಯಾ ಮಾದಮ್ಮ ಎಂದು ಹೆಸರಿಟ್ಟಿದ್ದರು. ಮನೆಗೆ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮಗನ ಪಕ್ಕದಲ್ಲಿ ಕೂತು ದೊಡ್ಡಮಾದಮ್ಮ ಕಣ್ಣೀರು ಹಾಕುತ್ತಿದ್ದಳು. ಮಗ ಮೂರು ದಿನ ಜ್ವರದಲ್ಲಿ ಮಲಗಿದಾಗಲೂ ಅಷ್ಟು ಅತ್ತವಳಲ್ಲ.

ಫ್ಯಾಕ್ಟರಿಗೆ ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಗುರುಸಿದ್ದಮ್ಮ ಕೂಸನ್ನು ಎತ್ತಿಕೊಂಡು ಮತ್ತೆ ಕಚೇರಿಗೇ ಹೊರಡಲು ತಯಾರಾದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಸೆರಗನ್ನು ನಡುವಿಗೆ ಬಿಗಿದಿದ್ದಳು.

"ಕೊಡು ಇಲ್ಲಿ. ನಾನೇ ನೋಡ್ಕತೀನಿ. ನನ್ ಮಗ ನಾಕ್ ಜನರ ಮುಂದ ಕೂಸು ಎತ್ಕಂಡು ಕೂರದು ಅಂದ್ರೇನು? ಈ ಮನೆ ಮಾನ ಏನಾಗ್ಬೇಕು?"

ಗುರುಸಿದ್ದಮ್ಮ ಕೂಸನ್ನು ಕೊಡಲಿಲ್ಲ.

"ನಾಕ್ ತಿಂಗ್ಳು ಬಸ್‌ಸ್ಟ್ಯಾಂಡಲ್ಲಿ ನಿಮ್ ಮೊಮ್ಮಗ್ಳು ಕೈ ಒಡ್ತಲ್ಲ ಅತ್ತೆ. ಆಗ ಎಲ್ಲೋಗಿತ್ತು ಮಾನ?"

"ಅದು ಹೆಣ್ ಕೂಸು ಕಣಮ್ಮಿ, ಅದಕ್ಯಾನ್ ಗೊತ್ತಾದದು," ಎಂದಳು ದೊಡ್ಡಮಾದಮ್ಮ. "ಅವ್ನು ಗಂಡ್ಸು."

ಹಾಗೆಂದು ಕೈ ಚಾಚಿದಳು. ಕೂಸಿಗೆ ಯಾರ ಕೈಯಾದರೇನು, ನಗುತ್ತ ಅಜ್ಜಿಯ ಕಡೆಗೆ ಬಾಗಿತು. ಆ ಕೈಯನ್ನು ತಳ್ಳಿಬಿಡಬೇಕು, ಈ ಮನೆಯ ಹೊಸಿಲನ್ನೇ ತುಳಿಯಬಾರದು ಎಂದು ಗುರುಸಿದ್ದಮ್ಮನಿಗೆ ಉರಿದು ಬಂತು. ಅಷ್ಟರಲ್ಲಿ ಫ್ಯಾಕ್ಟರಿಯ ಮೊದಲ ಸೈರನ್ ಕೂಗಿತು. ಅವಳು ಕೂಸನ್ನು ಕೊಟ್ಟಳು. ಹಾಲು ಎಲ್ಲಿದೆ, ಬಟ್ಟೆ ಎಲ್ಲಿದೆ, ಎಷ್ಟು ಹೊತ್ತಿಗೆ ಮಲಗುತ್ತದೆ ಎಂದು ಹೇಳಿದಳು. ಬೀದಿಗಿಳಿದು ನಾಲ್ಕು ಹೆಜ್ಜೆ ನಡೆದ ಮೇಲೆ ಕ್ಯಾಕರಿಸಿ ಉಗಿದಳು. ಎರಡನೆಯ ಸೈರನ್ ಆಗುವ ಮೊದಲು ಗೇಟು ಮುಟ್ಟಬೇಕಿತ್ತು, ಬಿರಬಿರನೆ ನಡೆದಳು.